ಸೂಡಿಯ ಗ್ರಹಣ

ಕಿಟಕಿಯ ಗಾಜಿಗೆ ತಲೆ ಬಡಿಯುತ್ತಲೇ ಇದೆ, ಬಡಿಯಲಿ, ನರಗುಂದದಿಂದ ರೋಣಕ್ಕೆ ಹೋಗುವ ಈ ಬಸ್ಸು ಎಂದೂ ಸುಮ್ಮನೆ ಕೂಡಗೊಟ್ಟಿಲ್ಲ, ನೇತ್ರಾಗೆ ತಲೆ ಎತ್ತುವಷ್ಟೂ ತ್ರಾಣವಿಲ್ಲ, ಕೈಯಲ್ಲಿ ಮೊಬೈಲು, ತೊಡೆಯ ಮೇಲೆ ಸಿದ್ದರಾಮೇಶ ಮಾಸ್ತರರ ಪುಸ್ತಕ, ಎರಡೂ ಭಾರ — ಸೂಡಿಯ ಶಾಸನದಲ್ಲಿರುವ ಸೂರ್ಯಗ್ರಹಣದ ದಿನ ನಡುಹಗಲೇ ಕತ್ತಲು ಕವಿಯಿತು, ಹಕ್ಕಿಗಳು ಗೂಡಿಗೆ ಮರಳಿದವು ಎನ್ನುತ್ತದೆ ಪುಸ್ತಕ, ಗ್ರಹಣಗಳ ಲೆಕ್ಕ ಕೊಡುವ ಜಾಲತಾಣ ಹೇಳುವುದೇ ಬೇರೆ, ಗ್ರಹಣವೇನೋ ಆಗಿತ್ತು, ಆದರೆ ಸೂಡಿಯಲ್ಲಿ ಆಗ ರಾತ್ರಿ, ಸೂರ್ಯನೇ ಇಲ್ಲದ ಊರಿಗೆ ಯಾವ ಕತ್ತಲು, ಯಾವ ಹಕ್ಕಿ. ಏಳನೆಯ ಇಯತ್ತೆಯಲ್ಲಿ ಮಾಸ್ತರರು ಆ ಸಾಲು ಓದಿದಾಗ ಅವಳು ಮೈಮರೆತು ಮೇಲೆ ನೋಡಿದ್ದಳು, ಕಂಡದ್ದು ಶಾಲೆಯ ತಗಡು, ಆದರೂ ನೋಡಿದ್ದಳು, ಆ ಸಾಲಿನಿಂದಲೇ ಅಲ್ಲವೇ ಈ ಖಗೋಳ, ಈ ಪಿಎಚ್‌ಡಿ, ಇಷ್ಟು ವರ್ಷದ ಕಣ್ಣುರಿ. ಧಾರವಾಡದ ಮಾರ್ಗದರ್ಶಕರು ಬೆಳಿಗ್ಗೆ ಫೋನಿನಲ್ಲಿ, ಬರೇ ಜಾಲತಾಣ ತೋರಿಸಿದ್ರ ನಡಿಯೂದಿಲ್ಲ ನೇತ್ರಾ, ಅಚ್ಚಾದ ಆಧಾರ ಬೇಕು, ನಿಮ್ಮ ಮಾಸ್ತರರ ಪುಸ್ತಕ ಐತಲ್ಲ, ಅದನ್ನ ಪ್ರಬಂಧದಾಗ ಹಾಕಿಬಿಡು — ಹಾಕಿಬಿಡಬಹುದಿತ್ತು, ಯಾರು ಕೇಳುತ್ತಿದ್ದರು, ಲಕ್ವಾ ಹೊಡೆದು ಬಲಗೈ ಬಿದ್ದ ಮೇಲೆ ಮಾಸ್ತರರಿಗೆ ತಮ್ಮದೆನ್ನಲು ಉಳಿದದ್ದು ಅದೊಂದು ಪುಸ್ತಕ. ಆದರೂ ನರಗುಂದಕ್ಕೆ ಹೋದಳು, ಅವರ ಮಗಳು ಅನ್ನಪೂರ್ಣಾಳ ಮನೆಯಲ್ಲಿ ಮಂಚದ ಬದಿಗೆ ಕೂತಳು, ಮೊಬೈಲು ತೋರಿಸಿದಳು, ಸರ್, ಶಾಸನದಾಗ ಹಕ್ಕಿ ಸುದ್ದಿ ಐತೇನ್ರಿ, ಕೇಳಿದ ಮೇಲೆ ಕೇಳಬಾರದಿತ್ತು ಅನ್ನಿಸಿತು, ಅವರು ಬಹಳ ಹೊತ್ತು ಪರದೆ ನೋಡಿದರು, ಇಲ್ಲವ್ವಾ, ಗ್ರಹಣ ಅಂತಷ್ಟ ಐತಿ, ಹಕ್ಕಿ ನಾ ಹಾರಿಬಿಟ್ಟದ್ದು. ತೊದಲುವ ನಾಲಿಗೆ, ತುಟಿಯಂಚಿನ ಜೊಲ್ಲು, ಅನ್ನಪೂರ್ಣಾ ಒರೆಸಿದಳು, ಇರ್ಲಿ ಬಿಡ್ರಿ ಸರ್, ನಾ ನಿಮ್ಮ ಪುಸ್ತಕಾನ ಹಾಕ್ತೀನಿ, ಅಂದದ್ದು ತಾನೇ ಏನು, ದಣಿವೇ ಅಂದಿತೋ ಏನೋ. ಪುಸ್ತಕ ನಂದವ್ವಾ, ಸೂರ್ಯ ನನ್ನವನಲ್ಲ, ಖರೇ ಏನೈತಿ ಅದನ್ನ ಬರಿ. ಪೆನ್ಸಿಲು ಕೇಳಿದರು, ಎಡಗೈಯಲ್ಲಿ ಹಿಡಿದರು, ಆ ಸಾಲನ್ನು ಹೊಡೆದುಹಾಕಲು ಗೆರೆ ಎಳೆದರು — ಮೊಬೈಲು ನಡುಗುತ್ತಿದೆ, ಮಾರ್ಗದರ್ಶಕರದೇ ಕರೆ, ಎತ್ತುವುದಿಲ್ಲ, ಜಾಲತಾಣದ ಲೆಕ್ಕವನ್ನೇ ಹಾಕುತ್ತೇನೆ ಸರ್, ಪುಸ್ತಕ ಬರೆದವರೇ ಆ ಸಾಲು ತೆಗೆದಿದ್ದಾರೆ ಎಂದು ಬರೆದು ಕಳಿಸುತ್ತಾಳೆ, ಗೆದ್ದಂತೇನೂ ಅನ್ನಿಸುವುದಿಲ್ಲ, ನಿದ್ದೆಯೂ ಬಾರದು, ಕಣ್ಣು ಮುಚ್ಚಿದರೆ ಆ ಗೆರೆ, ಹಕ್ಕಿಗಳ ಮೇಲೆ ಹಾದು, ಅಂಚು ದಾಟಿ, ಬಿಳಿ ಹಾಸಿಗೆಯ ಮೇಲೂ ಹೋಗುತ್ತಿರುವ ಗೆರೆ, ತೊಳದ್ರ ಹೋಗ್ತೈತಿ ಬಿಡ್ರಿ ಅನ್ನುತ್ತಾಳೆ ಅನ್ನಪೂರ್ಣಾ, ಬಿಳಿ ಹಾಸಿಗೆ, ಕಪ್ಪು ಗೆರೆ, ಪುಟ ಮುಗಿದದ್ದು ತಿಳಿಯದ ಆ ಎಡಗೈ