ಸುಣ್ಣದ ಪಾಲು

"ಹಂಚ್ಕೊಂಡು ತಿಂದ್ರಾ? ನಿಮ್ಮಪ್ಪನ ಮನೆ ಕಡ್ಲೆಪುರೀನಾ ಅದು, ಹಂಚ್ಕೊಂಡು ತಿನ್ನೋಕೆ? ಥೂ, ಕಾಡು ಮುಂಡೇವಾ!"

ಡಾಕ್ಟರ್ ವಾಮನಮೂರ್ತಿ ಉಗಿದದ್ದು ನೆಲಕ್ಕೆ, ಬಿದ್ದದ್ದು ನನ್ನ ಪಾದದ ಮೇಲೆ. ಬಗ್ಗಿ ಒರೆಸಿಕೊಳ್ಳೋಣವೆಂದರೆ ಬಸುರಿನ ಹೊಟ್ಟೆ ಬಿಡುತ್ತಿರಲಿಲ್ಲ. ಹುಲ್ಲಿಗೆ ಕಾಲು ತಿಕ್ಕಿಕೊಂಡು ನಿಂತೆ.

ತಪ್ಪು ನನ್ನದೇ ಬಾಯಿಯದು. ಕಾಂಪೌಂಡರ್ ಮಹದೇವುವಿಗೆ ಬೈಗುಳ ಬೀಳುತ್ತಿತ್ತು. ಡಬ್ಬಿ ಅದಲುಬದಲು ಮಾಡಿದೀಯಾ, ಕತ್ತೆ, ಅಂತ ಡಾಕ್ಟರು ಅವನ ಕಿವಿ ಹಿಡಿದು ಎಳೆಯುತ್ತಿದ್ದರು. ಹೊನ್ನೂರಿನ ಬಡಪಾಯಿ, ಹೆಂಡತಿ ಮಕ್ಕಳಿರುವವನು, ನಮ್ಮೆದುರಿಗೆ ಹಾಗೆ ಕಿವಿ ಕೊಟ್ಟು ನಿಂತದ್ದು ನೋಡಲಾರದೆ ನಾನು ಹೇಳಿಬಿಟ್ಟೆ:

"ಅವಯ್ಯಂದೇನು ತಪ್ಪಿಲ್ಲ ಸಾ. ನಾವೇ ಎಲ್ಲಾರೂ ಒಂದ್ಕಡೆ ಸುರ್ಕಂಡು ಪಾಲು ಮಾಡ್ಕತಿದ್ವಿ. ಅಂಚ್ದೆ ತಿನ್ನದು ನಮ್ಮಲ್ಲಿಲ್ಲ."

ಸ್ವಲ್ಪ ಹೆಮ್ಮೆಯಿಂದಲೇ ಹೇಳಿದ್ದೆ. ಮೆಚ್ಚಿಕೊಳ್ಳುತ್ತಾರೆ ಅಂದುಕೊಂಡಿದ್ದೆ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಬಿಳಿಗಿರಿರಂಗನ ಬೆಟ್ಟದ ಮಗ್ಗುಲಲ್ಲಿ ನಮ್ಮ ಹಾಡಿ, ಜೇನುದಿಂಬದ ಪೋಡು. ಬಂಡೆಯಿಂದ ಜೇನು ಇಳಿಸಿದರೆ ಹಗ್ಗ ಕಟ್ಟಿಕೊಂಡು ಇಳಿದವನಿಗೂ ಒಂದು ಪಾಲು, ಮನೆಯಲ್ಲಿ ಮಲಗಿದ್ದ ಮುದುಕಿಗೂ ಒಂದು ಪಾಲು. ಆ ಹೊತ್ತಿಗೆ ದಾರಿಯಲ್ಲಿ ಬಂದ ಹೊರಗಿನವನ ಪಾಲನ್ನೂ ಎಲೆಯ ಮೇಲೆ ಇಟ್ಟೇ ನಾವು ಬೆರಳು ನೆಕ್ಕುವುದು. ಮದ್ದು ಬಂದರೆ ಬೇರೆ ದಾರಿ ಉಂಟೆ?

ಮದ್ದು ತಂದವರು ಈ ಡಾಕ್ಟರೇ. ಮೈಸೂರಿಂದ ಯಳಂದೂರು ಮೇಲೆ ಜೀಪಿನಲ್ಲಿ ಬಂದು ಅರಣ್ಯ ಇಲಾಖೆಯ ಶೆಡ್ಡಿನಲ್ಲಿ ಕೂರುತ್ತಿದ್ದರು. ಸುತ್ತಲ ಪೋಡುಗಳ ಬಸುರಿಯರೆಲ್ಲ ಬರಬೇಕು, ಬರದವರ ಗಂಡಸರಿಗೆ ಈ ಸಲ ಜೇನು ಕೀಳಲು ಬಿಡುವುದಿಲ್ಲ ಅಂತ ಫಾರೆಸ್ಟ್ ಗಾರ್ಡು ಹೇಳಿ ಹೋಗಿದ್ದ. ಬಂದವರ ಬೆರಳು ಚುಚ್ಚಿ ರಕ್ತ ತೆಗೆದರು. ಕೆಲವರ ಮುಂಗೈಗೆ ಹಳದಿ ದಾರ ಕಟ್ಟಿದರು, ಕೆಲವರಿಗೆ ಕರಿ ದಾರ. ಹಳದಿಯವರಿಗೆ ಒಂದು ಡಬ್ಬಿ, ಕರಿಯವರಿಗೆ ಇನ್ನೊಂದು. ಎರಡರಲ್ಲೂ ಅದೇ ಕೆಂಪು ಗುಳಿಗೆ. ರಕ್ತ ಹೆಚ್ಚುತ್ತದೆ, ಹೆರಿಗೆಯಲ್ಲಿ ಯಾರೂ ಸಾಯುವುದಿಲ್ಲ ಅಂದರು.

ನನಗೆ ಹಳದಿ ದಾರ ಬಂತು. ನನ್ನ ತಂಗಿ ಸಿದ್ದಿಗೆ ಕರಿ ದಾರ.

ಸಿದ್ದಿಯದು ಮೊದಲೇ ಬಿಳುಚಿದ ಮೈ. ಹಿಂದಿನ ಹೆರಿಗೆಯಲ್ಲಿ ಕೂಸು ಉಳಿಯಲಿಲ್ಲ, ಅವಳು ಉಳಿದದ್ದೇ ದೊಡ್ಡದು. ನಾಲ್ಕು ಹೆಜ್ಜೆ ಏರಿದರೆ ಎದೆ ಹಿಡಿದುಕೊಂಡು ಕೂರುತ್ತಿದ್ದಳು. ಹಂಚಿಕೊಂಡು ತಿನ್ನಲು ಶುರು ಮಾಡಿದ ಮೇಲೆ ಅವಳ ಕಣ್ಣ ರೆಪ್ಪೆಯ ಒಳಗೆ ಒಂದಿಷ್ಟು ಕೆಂಪು ಕಂಡಿತ್ತು. ಕೊಡ ಹೊತ್ತು ನೀರು ತಂದಿದ್ದಳು. ಮೊನ್ನೆ ನನ್ನನ್ನು ಅಣಕಿಸಿ ನಕ್ಕೂ ಇದ್ದಳು, "ನಿನ್ ನಡ್ಗೆ ನೋಡು, ಕರಡಿ ಬಂದಂಗೆ" ಅಂತ.

ಡಾಕ್ಟರಿಗೆ ಉರಿ ಹತ್ತಿದ್ದೇ ಆ ಕೆಂಪು ಕಂಡು.

"ನೋಡಯ್ಯಾ ಇಲ್ಲಿ," ಅವರು ಮಹದೇವುವಿನ ಕಡೆ ತಿರುಗಿದರು. ನಾವು ಅಲ್ಲಿ ಇದ್ದೇವೆ ಅನ್ನುವ ಪರಿವೆಯೇ ಅವರಿಗಿರಲಿಲ್ಲ. ಮರಗಳ ಮುಂದೆ ಮಾತಾಡಿದ ಹಾಗೆ ಮಾತಾಡಿದರು. "ಸುಣ್ಣ ತಿಂದೋರ ರಕ್ತಾನೂ ಏರಿದೆ ಅಂದ್ರೆ ನನ್ನ ಮದ್ದು ಕೆಲ್ಸ ಮಾಡುತ್ತೆ ಅಂತ ಯಾವನಯ್ಯ ನಂಬ್ತಾನೆ? ಫಂಡು ಕೊಟ್ಟೋರಿಗೆ ಏನು ತೋರಿಸ್ಲಿ, ನನ್ನ ಮುಖಾನಾ? ನನ್ನ ಕೈಕೆಳಗೆ ಓದಿದ ಹುಡುಗ್ರೆಲ್ಲ ಲಂಡನ್ನಿಗೆ ಹೋಗಿ ಬಂದು ಪ್ರೊಫೆಸರಾಗಿ ಕೂತವ್ರೆ. ನಾನಿನ್ನೂ ಈ ಜೀಪಲ್ಲಿ ಧೂಳು ತಿಂತಾ ಇದೀನಿ. ಇದೊಂದು ಕೈತಪ್ಪಿದ್ರೆ ನಾನು ಮಣ್ಣು ಮುಕ್ಕಿದ ಹಾಗೆ. ತಿಳೀತಾ? ನಿನ್ನ ಕೆಲ್ಸಾನೂ ಖಾಯಂ ಆಗಲ್ಲ."

"ತಿಳೀತು ಸಾ," ಅಂದ ಮಹದೇವು, ಕಿವಿ ಉಜ್ಜಿಕೊಳ್ಳುತ್ತ.

ಸಿದ್ದಿ ನನ್ನ ಸೆರಗು ಜಗ್ಗಿದಳು.

"ಅಕ್ಕ, ಸುಣ್ಣ ಯಾವ್ ಡಬ್ಬೀಲದೆ? ಕರೀದ್ರಲ್ಲಾ?"

ಅವಳು ತನ್ನ ಮುಂಗೈಯ ದಾರವನ್ನೇ ನೋಡುತ್ತ ಕೂತಳು.

ಅವತ್ತಿಂದ ಗುಳಿಗೆ ಮನೆಗೆ ಕೊಡುವುದು ನಿಂತಿತು. ದಿನಾ ಬೆಳಿಗ್ಗೆ ಶೆಡ್ಡಿನ ಮುಂದೆ ಸಾಲು. ಮಹದೇವು ನಾಲಿಗೆಯ ಮೇಲೆ ಗುಳಿಗೆ ಇಡುತ್ತಿದ್ದ. ನುಂಗಿದ ಮೇಲೆ ಬಾಯಿ ಬಿಡಬೇಕು. ಬಿದಿರ ಚಕ್ಕೆಯಲ್ಲಿ ನಾಲಿಗೆ ಎತ್ತಿ, ಕೆನ್ನೆಯ ಸಂದಿ ಬಿಡಿಸಿ ನೋಡುತ್ತಿದ್ದ. ಸಂತೆಯಲ್ಲಿ ಹಸುವಿನ ಹಲ್ಲು ನೋಡುವವರಾದರೂ ಬೆನ್ನು ಸವರುತ್ತಾರೆ. ಡಾಕ್ಟರು ಇದ್ದ ದಿನ ಕುರ್ಚಿಯಲ್ಲಿ ಕೂತು, "ಇನ್ನೂ ಅಗಲ ಬಿಡೇ, ಗಂಡನ ಮುಂದೆ ಬಿಡಲ್ವಾ ಬಾಯಿ?" ಅನ್ನುತ್ತಿದ್ದರು. ಗಾರ್ಡು ಕಿಸಿಯುತ್ತಿದ್ದ.

ನಾನು ಹೋಗಿ ಕಾಲು ಹಿಡಿದೆ. ಹೌದು, ಹಿಡಿದೆ. ತಂಗಿಗಾಗಿ ಯಾರ ಕಾಲಾದರೂ ಹಿಡಿಯುತ್ತಿದ್ದೆ.

"ಬುದ್ದೀ, ನನ್ ಪಾಲಿಂದು ಅವ್ಳಿಗೆ ಕೊಡಿ. ನನ್ ಮೈ ಗಟ್ಟಿಯಾಗೇ ಅದೆ. ಅವ್ಳ ಮುಖ ನೋಡಿ, ಎಂಗಾಗದೆ ಅಂತ. ನಂಗೆ ಸುಣ್ಣನೇ ಆಕಿ ಸಾ, ನಾನ್ ಬ್ಯಾಡ ಅನ್ನಕಿಲ್ಲ."

ಡಾಕ್ಟರು ಕಾಲು ಹಿಂದಕ್ಕೆ ಎಳೆದುಕೊಂಡರು. ಸಿಟ್ಟು ಮಾಡಲಿಲ್ಲ. ಚಿಕ್ಕ ಮಕ್ಕಳಿಗೆ ಹೇಳುವ ಹಾಗೆ ಮೆತ್ತಗೆ ಹೇಳಿದರು.

"ನೋಡು ಜಡೆಮ್ಮ, ಒಬ್ಬಳಿಗೆ ಬದಲಾಯಿಸಿದ್ರೆ ನನ್ನ ಲೆಕ್ಕವೆಲ್ಲ ಕೆಡುತ್ತೆ. ನಿನ್ನ ತಂಗಿಯಂಥೋರು ಬೆಟ್ಟದ ತುಂಬ ಇದ್ದಾರೆ. ನನಗೆ ಇನ್ನೊಂದು ಸಲ ಈ ಫಂಡು ಬರೋಲ್ಲ."

ಸಿದ್ದಿಯ ರೆಪ್ಪೆಯ ಕೆಂಪು ಮತ್ತೆ ಇಳಿಯಿತು. ಪಾದ ಊದಿಕೊಂಡವು. ಕೊಡ ಮೂಲೆ ಸೇರಿತು. ಒಂದು ದಿನ ನಾನೇ ಇಬ್ಬರ ದಾರವನ್ನೂ ಹಲ್ಲಿನಿಂದ ಬಿಚ್ಚಿದೆ. ಕರಿ ದಾರ ನನ್ನ ಕೈಗೆ, ಹಳದಿ ಅವಳ ಕೈಗೆ. ಅಕ್ಕತಂಗಿಯರ ಮುಖ ಒಂದೇ ಥರ, ಡಾಕ್ಟರು ನಮ್ಮ ಮುಖವನ್ನು ಯಾವತ್ತು ನೋಡಿದ್ದಾರೆ? ನಾಲಿಗೆ ನೋಡುತ್ತಾರೆ, ಅಷ್ಟೆ.

ಮೊದಲ ದಿನ ನಡೆಯಿತು. ಸಿದ್ದಿ ಹಳದಿ ಡಬ್ಬಿಯ ಗುಳಿಗೆ ನುಂಗಿ ನನ್ನ ಕಡೆ ಕಳ್ಳನೋಟ ನೋಡಿದಳು. ಎರಡನೆಯ ದಿನ ಮಹದೇವು ಅವಳ ಗದ್ದ ಹಿಡಿದವನು ಹಾಗೇ ನಿಂತ. ಅವನಿಗೆ ಗೊತ್ತಾಯಿತು. ಅವನ ಕಣ್ಣಿಗೆ ಕಣ್ಣು ಕೊಟ್ಟು ಬೇಡಿಕೊಂಡೆ, ಬಾಯಿ ತೆರೆಯಲಿಲ್ಲ. ನಿನ್ನ ಕಿವಿ ಬಿಡಿಸಿದವಳು ನಾನಲ್ಲವೇನೋ?

ಅವನು ತಲೆ ತಗ್ಗಿಸಿ ಡಾಕ್ಟರ ಕುರ್ಚಿಯ ಕಡೆಗೆ ಹೋದ. "ಸಾ, ಇವ್ರಿಬ್ರೂ ದಾರ ಬದ್ಲಾಯಿಸ್ಕಂಡವ್ರೆ."

ದಾರವನ್ನು ಮತ್ತೆ ಅವರವರ ಕೈಗೆ ಕಟ್ಟಿದವನೂ ಅವನೇ. ಈ ಸಲ ಬಿಚ್ಚದ ಹಾಗೆ ಗಂಟು ಹಾಕಿದ.

"ನಂಗೂ ಎಂಡ್ರು ಮಕ್ಳು ಅವ್ರೆ ಕಣೆ ಜಡೆಮ್ಮ. ಈ ಫಂಡು ಮುಂದ್ವರುದ್ರೆ ನನ್ ಕೆಲ್ಸ ಖಾಯಂ ಮಾಡ್ತೀನಿ ಅಂದವ್ರೆ."

"ಆಗ್ಲಿ ಬುಡು," ಅಂದೆ. "ನನ್ ತಂಗಿ ಎಣದ್ ಮ್ಯಾಲೆ ನಿಂತ್ಕಂಡು ಖಾಯಂ ಆಗ್ಲಾ ನೀನು, ಬೇವರ್ಸಿ ನನ್ಮಗನೆ."

ಅವನು ಡಬ್ಬಿ ಎತ್ತಿಕೊಂಡು ಶೆಡ್ಡಿನ ಒಳಕ್ಕೆ ಹೋದ.

ಸಿದ್ದಿಗೆ ಹೊತ್ತು ಏರುವ ಸಮಯದಲ್ಲಿ ನೋವು ಬಂತು. ಕೂಸು ಬೇಗನೇ ಬಂತು, ಆದರೆ ಅಳಲಿಲ್ಲ. ಆಮೇಲೆ ರಕ್ತ. ಇಷ್ಟು ಬಿಳುಚಿದ ಹೆಂಗಸಿನ ಮೈಯಲ್ಲಿ ಅಷ್ಟು ರಕ್ತ ಎಲ್ಲಿತ್ತೋ! ನಾವು ತುಂಬಿದ ಬಟ್ಟೆಯೆಲ್ಲ ಒದ್ದೆಯಾಯಿತು. ಪೋಡಿನ ಹಿರಿಯ ಪುಟ್ಟಬೊಮ್ಮ ತಾತ ಜೀಪಿಗಾಗಿ ಶೆಡ್ಡಿಗೆ ಓಡಿದ. ಜೀಪು ನೋಡಲು ಬರಲಿದ್ದ ಫಂಡಿನ ಸಾಹೇಬರಿಗಾಗಿ ಕುರ್ಚಿ ತರಲು ಯಳಂದೂರಿಗೆ ಹೋಗಿತ್ತು.

"ಅಕ್ಕ, ಚಳಿ," ಅಂದಳು. ಬಿಸಿಲು ಸುಡುತ್ತಿತ್ತು. ನನ್ನ ತೊಡೆಯ ಮೇಲೆ ತಲೆ ಇಟ್ಟುಕೊಂಡಿದ್ದೆ. ಮತ್ತೇನೂ ಅನ್ನಲಿಲ್ಲ.

ಗುಂಡಿ ತೋಡುತ್ತಿರುವಾಗ ಡಾಕ್ಟರು ಬಂದರು. ಪೆಟ್ಟಿಗೆ ಹಿಡಿದು ಮಹದೇವು ಹಿಂದೆ ಇದ್ದ. ಡಾಕ್ಟರು ಚಪ್ಪಲಿ ಬಿಡದೆ ಹೆಣದ ಹತ್ತಿರ ಕುಕ್ಕರಗಾಲಲ್ಲಿ ಕೂತು ಅವಳ ರೆಪ್ಪೆ ಎಳೆದು ನೋಡಿದರು. ಕರಿ ದಾರದ ಕೈ ಎತ್ತಿ ಬೆರಳು ಹಿಂಡಿ ಸೂಜಿ ಚುಚ್ಚಿದರು. ಏನೂ ಬರಲಿಲ್ಲ. ಇನ್ನೊಂದು ಬೆರಳಿಗೆ ಚುಚ್ಚಿದರು.

"ಸತ್ತೋಳ್ನೂ ಬುಡಕಿಲ್ವಾ?" ಪುಟ್ಟಬೊಮ್ಮ ತಾತ ಗುಂಡಿಯ ಒಳಗಿಂದಲೇ ಕೂಗಿದ.

ಡಾಕ್ಟರು ಎದ್ದು ಕೈ ಒರೆಸಿಕೊಂಡರು. ಛೆ ಛೆ ಅಂದರು. ಆಮೇಲೆ ಮಹದೇವುವಿನ ಹತ್ತಿರ ದನಿ ತಗ್ಗಿಸಿ ಅಂದದ್ದು ನನ್ನ ಕಿವಿಗೆ ಬಿತ್ತು.

"ಕರಿ ದಾರದಲ್ಲೇ ಆಗಿರೋದಲ್ವಾ? ಒಂದು ಥರಕ್ಕೆ ಒಳ್ಳೇದೇ ಆಯ್ತು. ನಮ್ಮ ವಾದ ಇನ್ನೂ ಗಟ್ಟಿಯಾಗುತ್ತೆ."

ತಿಥಿಗೆ ಇರಲಿ ಅಂತ ಒಂದು ಪೊಟ್ಟಣ ಅವಲಕ್ಕಿ, ಒಂದು ಅಚ್ಚು ಬೆಲ್ಲ ಕೊಟ್ಟು ಹೋದರು. ನಾನು ಅದನ್ನು ಇರುವೆಗಳಿಗೆ ಚೆಲ್ಲಿದೆ.

ಫಂಡಿನ ಸಾಹೇಬರು ಬಂದ ದಿನ ಡಾಕ್ಟರು ಆ ಬಿಸಿಲಲ್ಲಿ ಕೋಟು ಹಾಕಿದ್ದರು. ಒಬ್ಬ ಬಿಳಿ ಸಾಹೇಬ, ಕತ್ತಿಗೆ ಕ್ಯಾಮರಾ. ಇನ್ನೊಬ್ಬರು ದೆಹಲಿಯವರು. ಮೊದಲು ಗುಳಿಗೆ ನುಂಗಿಸುವುದನ್ನು ತೋರಿಸುವುದು, ಆಮೇಲೆ ಎಲ್ಲರ ಕೊನೆಯ ರಕ್ತ ತೆಗೆಯುವುದು. ಆ ರಕ್ತ ಇಲ್ಲದಿದ್ದರೆ ಮಾಡಿದ್ದೆಲ್ಲ ದಂಡ ಅಂತ ಮಹದೇವು ಬೆಳಿಗ್ಗೆಯೇ ನಮ್ಮೆಲ್ಲರಿಗೂ ಹೇಳಿ, ಕೈಮುಗಿದಿದ್ದ.

ಅವನು ಕರಿ ಡಬ್ಬಿ ತೆರೆಯುವುದಕ್ಕೂ ನಾನು ಎದ್ದು ಹೋಗಿ ಅದನ್ನು ಕಸಿದುಕೊಳ್ಳುವುದಕ್ಕೂ ಸರಿಹೋಯಿತು. ಅವನು ಬಿಗಿಯಾಗಿ ಹಿಡಿಯಲೂ ಇಲ್ಲ. ಮುತ್ತುಗದ ಎಲೆ ಹಾಸಿ, ಗುಳಿಗೆ ಸುರಿದು, ಜೇನು ಹಂಚುವ ಹಾಗೆ ಪಾಲು ಹಾಕಿದೆ. ಎಲೆ ಹಿಡಿದುಕೊಂಡು ಕುರ್ಚಿಗಳ ಮುಂದೆ ಹೋದೆ.

"ನಮ್ ಪೋಡಲ್ಲಿ ಬಂದೋರ್ಗೂ ಪಾಲು ಅದೆ ಸಾ. ತಕಳಿ."

ಬಿಳಿ ಸಾಹೇಬ ಖುಷಿಯಾಗಿ ಒಂದು ಎತ್ತಿಕೊಂಡು ಬಾಯಿಗೆ ಹಾಕಿಕೊಂಡ. ದೆಹಲಿಯವರೂ ನಕ್ಕು ತೆಗೆದುಕೊಂಡರು. ಡಾಕ್ಟರು ಕೋಟಿನ ಗುಂಡಿ ಮುಟ್ಟಿಕೊಳ್ಳುತ್ತ ನಿಂತಿದ್ದರು.

"ನೀವೂ ಸಾ."

"ಜಡೆಮ್ಮ, ಹೋಗಿ ಕೂತ್ಕೋ," ಅಂದರು, ಮುಖದ ತುಂಬ ನಗು ಇಟ್ಟುಕೊಂಡು.

"ನುಂಗಿ ಸಾ. ನನ್ ತಂಗಿ ದಿನಾ ನುಂಗುದ್ಲು."

ಸಾಹೇಬರಿಬ್ಬರೂ ನೋಡುತ್ತಿದ್ದರು. ಬೇರೆ ದಾರಿ ಇರಲಿಲ್ಲ, ನುಂಗಿದರು.

"ಬಾಯ್ ಬುಡಿ."

ಮಹದೇವುವಿನ ಜೇಬಿನಿಂದ ಬಿದಿರ ಚಕ್ಕೆ ಎಳೆದುಕೊಂಡಿದ್ದೆ. "ಇನ್ನೂ ಅಗ್ಲ. ನಾಲ್ಗೆ ಎತ್ತಿ." ಬಿಳಿ ಸಾಹೇಬ ಕ್ಯಾಮರಾ ಎತ್ತಿದ. ಕ್ಯಾಮರಾ ಕಂಡು ಡಾಕ್ಟರು ಬಾಯಿ ಬಿಟ್ಟರು. ಚಕ್ಕೆ ಇಟ್ಟು ನಾಲಿಗೆ ಎತ್ತಿ, ಎರಡೂ ಕೆನ್ನೆಯ ಸಂದಿ ಬಿಡಿಸಿ ನೋಡಿದೆ. ನುಂಗಿದ್ದರು.

"ಎದರ್ಕಬ್ಯಾಡಿ ಸಾ," ಅಂದೆ. "ಸುಣ್ಣ ಅದು, ಯಾರ್ಗೂ ಏನೂ ಮಾಡಕಿಲ್ಲ. ಸಿದ್ದಿಗೂ ಏನೂ ಮಾಡ್ನಿಲ್ಲ."

ದೆಹಲಿಯವರು ಇಂಗ್ಲಿಷಿನಲ್ಲಿ ಏನೋ ಕೇಳಿದರು. ಡಾಕ್ಟರು ಬಾಯಿ ಒರೆಸಿಕೊಂಡು ಇಂಗ್ಲಿಷಿನಲ್ಲೇ ಉತ್ತರ ಕೊಟ್ಟರು. ಸಾಹೇಬರ ಮುಖ ಅರಳಿತು, ನನಗೆ ಕೈ ಮುಗಿದರು.

"ಏನಂದ್ರು?" ಮಹದೇವುವನ್ನು ಕೇಳಿದೆ.

ಅವನು ನೆಲ ನೋಡುತ್ತ ಹೇಳಿದ. "ಈ ಮದ್ದಿಂದ ತಂಗಿಗೆ ವಾಸಿಯಾಯ್ತು, ನಿಲ್ಲಿಸ್ಬೇಡಿ ಅಂತ ಕೇಳ್ಕತಾವ್ಳೆ... ಅಂದ್ರು."

ನಾನು ಹಿಂದಕ್ಕೆ ಹೋಗಿ ಸಾಲಿನಲ್ಲಿ ಕೂತೆ. ಮಾತಿನಿಂದ ಆಗುವ ಕೆಲಸ ಅಲ್ಲ ಅದು. ಎರಡೂ ಕೈ ಮಡಚಿ ಕಂಕುಳಲ್ಲಿ ಸಿಕ್ಕಿಸಿಕೊಂಡೆ. ಪಕ್ಕದವಳು ನನ್ನನ್ನು ನೋಡಿದಳು, ಅವಳೂ ಸಿಕ್ಕಿಸಿಕೊಂಡಳು. ಹಳದಿ ದಾರದವರು, ಕರಿ ದಾರದವರು, ಸಾಲಿನ ತುದಿಯವರೆಗೂ ಒಂದು ಬೆರಳೂ ಕಾಣದ ಹಾಗೆ ಕೂತರು.

ಡಾಕ್ಟರು ಸೂಜಿ ಹಿಡಿದು ಬಂದು ನನ್ನ ಮುಂದೆ ಕುಕ್ಕರಿಸಿದರು. ಕೋಟಿನ ಬೆನ್ನು ಬೆವರಿನಿಂದ ಒದ್ದೆಯಾಗಿತ್ತು.

"ಕೈ ಕೊಡು ಜಡೆಮ್ಮ."

"ಕೊಡಕಿಲ್ಲ."

"ಅಮ್ಮಾ, ಕೊಡಮ್ಮ. ಒಂದು ಹನಿ ಸಾಕು." ಅಮ್ಮಾ ಅಂದದ್ದು ಅದೇ ಮೊದಲು. "ನನ್ನ ಇಡೀ ಜೀವನ ಇದರಲ್ಲಿದೆಯಮ್ಮ."

"ಒಬ್ಳಿಗೆ ಕೊಟ್ರೆ ನಮ್ ಲೆಕ್ಕ ಕೆಡ್ತದೆ ಸಾ."

ಅವರು ಎದ್ದು ಸಾಹೇಬರನ್ನು ಕಾಫಿಗೆ ಅಂತ ಶೆಡ್ಡಿನ ಹಿಂದಕ್ಕೆ ಕರೆದುಕೊಂಡು ಹೋದರು. ಹೋಗುತ್ತ ಗಾರ್ಡಿಗೆ ಕಣ್ಣು ಮಾಡಿದರು.

ಗಾರ್ಡು ಬೀಡಿ ಎಸೆದು, ಸೊಂಟದ ಬೆಲ್ಟು ಬಿಚ್ಚಿ ಮುಷ್ಟಿಗೆ ಸುತ್ತಿಕೊಂಡು ನನ್ನ ಕಡೆ ಬಂದ. ನನ್ನ ಹೊಟ್ಟೆಯಲ್ಲಿ ಕೂಸು ಒದೆಯಿತು. ಕಂಕುಳಿಂದ ಕೈ ತೆಗೆಯಲಿಲ್ಲ.