ಮಾತು ಬಿಟ್ಟವರ ದೋಣಿ

ನಾನೊಂದು ದೋಣಿ. ದೋಣಿಯೆಂದ ಕೂಡಲೆ ಹಾಯಿ, ಹುಟ್ಟು, ಸಮುದ್ರದ ತೆರೆಗಳನ್ನು ನೆನೆಸಿಕೊಳ್ಳಬೇಡಿ. ಸಮುದ್ರವನ್ನು ನಾನು ಕಂಡದ್ದೇ ಇಲ್ಲ. ಇಂಗ್ಲೆಂಡಿನ ನಡುನಾಡಿನಲ್ಲಿ, ಹೊಲಗಳ ಮಧ್ಯೆ ಹರಿಯದೆ ನಿಂತಂತಿರುವ ಕಾಲುವೆಗಳಿವೆ. ಅವುಗಳಲ್ಲಿ ಓಡಾಡಲೆಂದೇ ನನ್ನನ್ನು ಕಟ್ಟಿದರು. ಉದ್ದಕ್ಕೆ ರೈಲಿನ ಡಬ್ಬಿಯಷ್ಟಿದ್ದೆ. ಅಗಲ ಮಾತ್ರ, ಒಬ್ಬ ಮನುಷ್ಯ ಒಳಗೆ ನಿಂತು ಕೈ ಚಾಚಿದರೆ ಎರಡೂ ಗೋಡೆಗೆ ಬೆರಳು ತಾಗುವಷ್ಟು.

ಕಬ್ಬಿಣದ ತಗಡುಗಳನ್ನು ಕೆಂಪಗೆ ಕಾಸಿದ ರಿವೆಟ್‌ಗಳಿಂದ ಜೋಡಿಸಿ, ತಳಕ್ಕೆ ದಪ್ಪ ಹಲಗೆ ಬಡಿದು, ಮಗ್ಗುಲಾಗಿಸಿ ನೀರಿಗೆ ತಳ್ಳಿದರು. ಆ ಸದ್ದಿಗೆ ಆಚೆ ದಡದ ಬಾತುಗಳೆಲ್ಲ ಎದ್ದು ಹಾರಿದವು. ನನ್ನ ಮೈಮೇಲೆ ಪೇಂಟರೊಬ್ಬ ‘ಲ್ಯಾಪ್‌ವಿಂಗ್’ ಎಂದು ಬರೆದ. ನಿಮ್ಮ ಕಡೆ ಟಿಟ್ಟಿಭ ಎನ್ನುತ್ತಾರಲ್ಲ, ಕೆರೆಯ ದಡದಲ್ಲಿ ಕೂಗುವ ಆ ಹಕ್ಕಿಯ ಹೆಸರು.

ಮೊದಲಿಗೆ ನಾನು ಹೊತ್ತದ್ದು ಕಲ್ಲಿದ್ದಲು. ಏಬಲ್ ಎಂಬವನು ಚುಕ್ಕಾಣಿ ಹಿಡಿಯುತ್ತಿದ್ದ. ಅವನ ಹೆಂಡತಿ ರೋಡಾ, ಮಕ್ಕಳು, ಒಂದು ನಾಯಿ, ಎಲ್ಲರೂ ಹಿಂದುಗಡೆಯ ಗೂಡಿನಂಥ ಕೋಣೆಯಲ್ಲಿ ಬದುಕುತ್ತಿದ್ದರು. ರೋಡಾ ಹೆತ್ತದ್ದೂ ಅಲ್ಲೇ. ಒಂದು ಭಾರಿ ಚಳಿಗಾಲದಲ್ಲಿ ಕಾಲುವೆ ವಾರಗಟ್ಟಲೆ ಹೆಪ್ಪುಗಟ್ಟಿತು. ಐಸು ಕರಗುವಷ್ಟರಲ್ಲಿ ನಮ್ಮ ಸರಕೆಲ್ಲ ಲಾರಿ ಹತ್ತಿಯಾಗಿತ್ತು. ನನ್ನನ್ನು ಬಿಟ್ಟು ಹೋಗುವ ದಿನ ರೋಡಾ ಇಡೀ ಕೋಣೆಯನ್ನು ಸೋಡಾ ಹಾಕಿ ತಿಕ್ಕಿ ತೊಳೆದಳು. “ಬಿಟ್ಟು ಹೋಗೋ ಮನೆ ಯಾಕೆ ತೊಳೀತೀಯೆ?” ಎಂದ ಏಬಲ್. “ನಾಳೆ ಯಾರಾದರೂ ಬಂದು ನೋಡಿದರೆ ಏನಂದಾರು?” ಎಂದಳು ಅವಳು. ಯಾರೂ ಬರಲಿಲ್ಲ. ನಾನು ಮೆಲ್ಲಗೆ ನೀರು ಕುಡಿದು ಜೊಂಡಿನ ನಡುವೆ ಮುಳುಗಿದೆ. ನೀರುಕೋಳಿಗಳು ನನ್ನ ಮೂತಿಯ ಮೇಲೆ ಗೂಡು ಕಟ್ಟಿ ಎಷ್ಟೋ ಸಂಸಾರ ಮಾಡಿದವು.

ಆಮೇಲೆ ಯಾರೋ ನನ್ನನ್ನು ಎತ್ತಿದರು. ನಡುವೆ ಕತ್ತರಿಸಿ, ಗಿಡ್ಡ ಮಾಡಿ, ಉಕ್ಕಿನ ತಳ ಹಾಕಿ, ಕಲ್ಲಿದ್ದಲು ತುಂಬುತ್ತಿದ್ದ ಜಾಗದಲ್ಲಿ ಮಂಚ, ಒಲೆ, ಕಿಟಕಿಗಳನ್ನು ಇಟ್ಟರು. ರಜೆಗೆ ಬರುವ ಮಂದಿಗೆ ಬಾಡಿಗೆಗೆ ಬಿಟ್ಟರು. ಅವರಲ್ಲಿ ಯಾರ ಮುಖವೂ ನನಗೆ ನೆನಪಿಲ್ಲ. ಸೇತುವೆಗಳಿಗೆ ನನ್ನನ್ನು ಗುದ್ದಿಸಿದ್ದು ನೆನಪಿದೆ.

ಹೀಗೆ ಹಳತಾಗುತ್ತಿದ್ದಾಗ ಚನಬಸಪ್ಪ ನನ್ನನ್ನು ಕೊಂಡ. ಅವನು ಧಾರವಾಡದವನು. ಲೆಸ್ಟರ್ ಊರಿನಲ್ಲಿ ಸಿಟಿ ಬಸ್ಸು ಓಡಿಸುತ್ತಿದ್ದ. ಎದುರಿಗೆ ಗಾಡಿಗಳಿಲ್ಲದ, ಹಾರ್ನ್ ಇಲ್ಲದ, ಮನುಷ್ಯ ನಡೆದಷ್ಟೇ ವೇಗದಲ್ಲಿ ಹೋಗುವ ವಾಹನವೊಂದು ಅವನಿಗೆ ಬೇಕಾಗಿತ್ತು. ಅವನ ಹೆಂಡತಿ ಈರವ್ವ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸಕ್ಕಿದ್ದಳು. ಅಲ್ಲಿಯವರ ನಾಲಿಗೆಗೆ ಈರವ್ವ ಹೊರಳದೆ ಈವಾ ಆಗಿದ್ದಳು. ಮಗಳು ಮದುವೆಯಾಗಿ ಸ್ಕಾಟ್‌ಲೆಂಡಿನಲ್ಲಿದ್ದಳು.

ಈರವ್ವ ಮೊದಲ ಸಲ ನನ್ನೊಳಗೆ ಕಾಲಿಟ್ಟಾಗ, “ಇದೇನ್ರಿ, ನೆಲದಾಗ ಕಾಳು ತುಂಬೂ ಹಗೇವಿನ್ಯಾಗ ಇಳದಂಗಾತು,” ಎಂದಳು. ಆದರೂ ಪ್ರತಿವರ್ಷ ಬರುತ್ತಿದ್ದಳು. ಅವನು ಚುಕ್ಕಾಣಿ ಹಿಡಿದರೆ ಅವಳು ದಂಡೆಯ ಮೇಲೆ ನಡೆದು ಲಾಕ್‌ಗಳನ್ನು ನೋಡಿಕೊಳ್ಳುತ್ತಿದ್ದಳು. ಕಾಲುವೆ ಗುಡ್ಡ ಹತ್ತುವಲ್ಲಿ, ಇಳಿಯುವಲ್ಲಿ ಎರಡು ತುದಿಗೂ ಬಾಗಿಲಿರುವ ಕಲ್ಲಿನ ತೊಟ್ಟಿಗಳಿರುತ್ತವೆ. ಅವೇ ಲಾಕ್‌ಗಳು. ದೋಣಿಯನ್ನು ಒಳಗೆ ಬಿಟ್ಟುಕೊಂಡು, ಬಾಗಿಲು ಮುಚ್ಚಿ, ತೂಬು ತೆರೆದು ನೀರನ್ನು ಏರಿಸಿ ಇಲ್ಲವೇ ಇಳಿಸಿ ದಾಟಿಸುತ್ತಾರೆ. ತೂಬಿನ ಹಲ್ಲಿನ ಗಾಲಿಗೆ ಹ್ಯಾಂಡಲ್ ಸಿಕ್ಕಿಸಿ ತಿರುಗಿಸಲು ರಟ್ಟೆಯಲ್ಲಿ ಕಸುವು ಬೇಕು. ಒದ್ದೆ ಚಾದರಗಳನ್ನು ಎತ್ತಿ ಎತ್ತಿ ಈರವ್ವನ ರಟ್ಟೆಯಲ್ಲಿ ಅದು ಇತ್ತು.

ಇಬ್ಬರೂ ನಿವೃತ್ತರಾದ ಮೇಲಿನ ಒಂದು ಅಕ್ಟೋಬರ್. ಕಾಲುವೆಯ ಪಯಣಕ್ಕೆ ಅದರಷ್ಟು ಒಳ್ಳೆಯ ತಿಂಗಳು ಬೇರೆಯಿಲ್ಲ ಎಂದು ಬಲ್ಲವರು ಹೇಳುತ್ತಾರೆ. ರಜೆಯವರ ಗದ್ದಲ ಮುಗಿದಿರುತ್ತದೆ. ಬೆಳಗ್ಗೆ ನೀರಿನ ಮೇಲೆ ಮಂಜು ಹಾಲಿನ ಕೆನೆಯ ಹಾಗೆ ಕೂತಿರುತ್ತದೆ. ಬೇಲಿಗಳಲ್ಲಿ ಕೆಂಪು ಹಣ್ಣು, ಉತ್ತ ಹೊಲಗಳಲ್ಲಿ ಕಾಗೆ. ಉದುರಿದ ಎಲೆಗಳು ಮಾತ್ರ ನೀರಿನಡಿ ತಿರುಗುವ ನನ್ನ ಪಂಖಕ್ಕೆ ಸುತ್ತಿಕೊಂಡು ಉಸಿರು ಕಟ್ಟಿಸುತ್ತವೆ. ಆಗ ಎಂಜಿನ್ನನ್ನು ಒಮ್ಮೆ ಹಿಂದಕ್ಕೆ ತಿರುಗಿಸಿ ಉಗುಳಿಸಬೇಕು.

ಹೊರಡುವ ಬೆಳಗ್ಗೆ ಈರವ್ವ ಒಲೆಗೆ ಇದ್ದಿಲು ಹಾಕುತ್ತಿದ್ದಳು. ಚನಬಸಪ್ಪ ಹಗ್ಗ ಸುತ್ತುತ್ತ, ಹವಾಮಾನ ಹೇಳುವವನ ಹಾಗೆ ಹೇಳಿದ: “ಊರ ಮನಿ ಮಹಡಿ ಮ್ಯಾಲಿನ ಖೋಲಿಗೆ ಬಣ್ಣಾ ಹಚ್ಚಸು ಅಂತ ತಮ್ಮಗ ಹೇಳೇನಿ. ದೋಣಿಗೂ ಆಕ್ಸ್‌ಫರ್ಡಿನ್ಯಾಗ ಗಿರಾಕಿ ಸಿಕ್ಕಾನ. ಇದನ್ನ ಅಲ್ಲಿ ಮುಟ್ಟಿಸಿದ್ವಿ ಅಂದ್ರ ಮುಗೀತು. ಈ ಚಳಿಗಾಲಕ್ಕ ಧಾರವಾಡ, ಕಾಯಂ.”

ಈರವ್ವನ ಕೈಯ ಸಲಿಕೆ ನಿಂತಿತು. “ನನ್ನನ್ನ ಕೇಳಿದಿರೇನು?”

“ಅದರಾಗ ಕೇಳೂದೇನೈತಿ?”

ಅಲ್ಲಿಗೆ ಮಾತು ನಿಂತಿತು.

ಗಂಡ ಹೆಂಡತಿ ಮಾತು ಬಿಟ್ಟರೆ ಮನೆಯಲ್ಲಾದರೂ ಬೇರೆ ಬೇರೆ ಕೋಣೆಗಳಿರುತ್ತವೆ. ನನ್ನೊಳಗೆ ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಿ ನಿಂತು ದಾರಿ ಬಿಡಬೇಕು. ಹಾಗೆಯೇ ಬಿಟ್ಟರು. ಚಹಾ ಕಾದಾಗ ಈರವ್ವ ಕಿಟ್ಲಿಗೆ ಹೇಳುತ್ತಿದ್ದಳು: “ಕುಡಿಯವ್ರಿದ್ರ ಚಹಾ ಆಗೇತಿ.” ಚನಬಸಪ್ಪ ಹೊರಗಿನ ಬಾತಿಗೆ ಹೇಳುತ್ತಿದ್ದ: “ಅಲ್ಲೇ ಇಟ್ಟ ಹೋಗಬೇಕಂತ.” ಅವಳು ಖಟಿ ರೊಟ್ಟಿ, ಶೇಂಗಾ ಚಟ್ನಿಯನ್ನು ತಾಟಿಗೆ ಹಾಕಿಡುತ್ತಿದ್ದಳು. ಅವನು ಉಂಡು, ತಾಟು ತೊಳೆದು, ಬೋರಲು ಹಾಕುತ್ತಿದ್ದ. ಲಾಕ್‌ಗಳಲ್ಲಿ ಕೈಸನ್ನೆ ಸಾಕಾಗುತ್ತಿತ್ತು. ದಾರಿಯಲ್ಲಿ ಎದುರಾದ ದೋಣಿಯ ಅಜ್ಜಿಯೊಬ್ಬಳು, “ಎಷ್ಟು ಶಾಂತವಾದ ಜೋಡಿ!” ಎಂದು ಮೆಚ್ಚಿಕೊಂಡು ಹೋದಳು.

ಆಕ್ಸ್‌ಫರ್ಡಿನ ಕಡೆ ಇಳಿಯುವ ಲಾಕ್‌ಗಳ ಸಾಲಿಗೆ ಬಂದಾಗ ಮೋಡ ಕವಿದ ಮಧ್ಯಾಹ್ನ. ಇಳಿಯುವಾಗ ಒಂದು ಎಚ್ಚರ ಬೇಕು. ತೊಟ್ಟಿಯ ಮೇಲಿನ ಬಾಗಿಲ ಬುಡದಲ್ಲಿ ಕಲ್ಲಿನ ಹೊಸ್ತಿಲೊಂದು ನೀರಿನಡಿಯಲ್ಲಿ ಮುಂದಕ್ಕೆ ಚಾಚಿರುತ್ತದೆ. ಅದು ಎಲ್ಲಿಯವರೆಗಿದೆ ಎಂದು ತೋರಿಸಲು ಅಂಚಿನಲ್ಲಿ ಬಿಳಿ ಗೆರೆ ಬಳಿದಿರುತ್ತಾರೆ. ದೋಣಿಯ ಹಿಂಭಾಗ ಆ ಗೆರೆಯ ಮುಂದೆ ಇರಬೇಕು. ಹಿಂದೆ ಉಳಿದರೆ, ನೀರು ಇಳಿದಾಗ ಬೆನ್ನು ಹೊಸ್ತಿಲ ಮೇಲೆ ಕೂತು ಮೂತಿ ಕೆಳಗೆ ಹೋಗುತ್ತದೆ. ನನ್ನನ್ನು ಗಿಡ್ಡ ಮಾಡಿದ್ದರಿಂದ ತೊಟ್ಟಿಯಲ್ಲಿ ಮುಂದೆ ಸರಿಯಲು ಬೇಕಾದಷ್ಟು ಜಾಗವಿತ್ತು.

ನಾನು ಹಿಂದೆ ಉಳಿದಿದ್ದೆ. ಚನಬಸಪ್ಪ ಚುಕ್ಕಾಣಿಯ ಬಳಿ ಕೈಕಟ್ಟಿ ನಿಂತಿದ್ದ. ಈರವ್ವ ಕೆಳಗಿನ ಬಾಗಿಲ ಮೇಲೆ ತೂಬಿಗೆ ಹ್ಯಾಂಡಲ್ ಹಾಕಿದ್ದಳು. ಅವಳು ನನ್ನತ್ತ ನೋಡಿದಳು. ಗೆರೆಯನ್ನು ನೋಡಿದಳು. ಬಾಯಿ ಅರ್ಧ ತೆರೆಯಿತು. ಮತ್ತೆ ಮುಚ್ಚಿತು. ಹ್ಯಾಂಡಲ್ ತಿರುಗಿಸಿದಳು.

ನೀರು ಇಳಿಯತೊಡಗಿತು. ಸ್ವಲ್ಪ ಹೊತ್ತಿನಲ್ಲೇ ನನ್ನ ಬೆನ್ನ ಕೆಳಗೆ ಕರಕ್ಕೆಂದಿತು. ಹಿಂಭಾಗ ನಿಂತಲ್ಲೇ ನಿಂತಿತು, ಮೂತಿ ಇಳಿಯುತ್ತಲೇ ಹೋಯಿತು. ಒಳಗೆ ತಾಟು, ಲೋಟ, ಕಿಟ್ಲಿ, ರೊಟ್ಟಿಯ ಡಬ್ಬಿ ಎಲ್ಲ ಮುಂದಕ್ಕೆ ಜಾರಿ ಬಿದ್ದವು. ಒಲೆಯ ಬಾಗಿಲು ತೆರೆದು ಕೆಂಡ ಚೆಲ್ಲಿತು. ಚುಕ್ಕಾಣಿಯ ತೋಳು ಸರಕ್ಕನೆ ತಿರುಗಿ ಚನಬಸಪ್ಪನ ಮಣಿಕಟ್ಟಿಗೆ ಬಡಿಯಿತು. ಅವನು ಮಾಡಿನ ಅಂಚನ್ನು ಒಂದು ಕೈಯಲ್ಲಿ ತಬ್ಬಿಕೊಂಡು ಜೋತುಬಿದ್ದ. ಮೂತಿಯ ಕಡೆಯಿಂದ ನೀರು ಒಳನುಗ್ಗಲು ಇನ್ನು ಗೇಣು ಉಳಿದಿತ್ತು.

“ತೂಬು ಮುಚ್ಚ, ಈರವ್ವಾ! ತೂಬು ಮುಚ್ಚ!”

ಅವಳು ಆಗಲೇ ಮುಚ್ಚುತ್ತಿದ್ದಳು. ಮುಚ್ಚಿದವಳೇ ಮೇಲಿನ ತೂಬಿನತ್ತ ಓಡಿದಳು. ಓಡುತ್ತಲೇ ಕೂಗಿದಳು: “ಬಿಗಿಯಾಗಿ ಹಿಡಕೋರಿ! ಜಿಗೀಬ್ಯಾಡ್ರಿ! ನಾ ಅದೇನಿ, ಹಿಡಕೋರಿ!” ಮೇಲಿನ ತೂಬನ್ನು ಒಮ್ಮೆಲೇ ತೆರೆದರೆ ನೀರಿನ ರಭಸಕ್ಕೆ ನಾನು ಹೊರಳಿಬಿಡುತ್ತಿದ್ದೆ. ಅವಳು ತುಟಿ ಕಚ್ಚಿ, ಗಾಲಿಯ ಒಂದೊಂದೇ ಹಲ್ಲಿನಷ್ಟು ತೂಬು ಎತ್ತಿದಳು. ನೀರು ಏರಿತು. ಮೂತಿ ಏರಿತು. ಕೊನೆಗೆ ಹೊಸ್ತಿಲು ನನ್ನನ್ನು ಬಿಟ್ಟಿತು.

ಕೆಂಡ ಆರಿಸಿ, ನನ್ನನ್ನು ಲಾಕ್‌ನಿಂದ ಹೊರಗೆಳೆದು ದಂಡೆಗೆ ಕಟ್ಟಿದ ಮೇಲೆ ಇಬ್ಬರೂ ನೆಲದ ಮೇಲೆ ಕೂತರು. ಸುತ್ತ ಚಟ್ನಿಪುಡಿ ಚೆಲ್ಲಿತ್ತು. ಈರವ್ವ ಅವನ ಮಣಿಕಟ್ಟಿಗೆ ಒದ್ದೆ ಬಟ್ಟೆ ಸುತ್ತುತ್ತ, ತಲೆಯೆತ್ತದೆ ಹೇಳಿದಳು.

“ನಾ ನೋಡಿದ್ನಿ. ದೋಣಿ ಹಿಂದ ಉಳದಿತ್ತು. ಗೆರಿ ಕಾಣತಿತ್ತು ನನಗ. ಆದ್ರೂ ಒದರಲಿಲ್ಲ.”

“ಯಾಕ?”

“ಮೊದಲ ನಾ ಮಾತಾಡಿದ್ರ ಸೋತಂಗ ಅಂತ.”

ಚನಬಸಪ್ಪ ಬಟ್ಟೆಯ ತುದಿಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಟ್ಟ. “ನನಗೂ ಕಾಣತಿತ್ತು. ನೀ ಒದರತಿ, ಆಮ್ಯಾಲೆ ಮುಂದ ತಗೊಳ್ಳೂಣು ಅಂತ ನಿಂತಿದ್ನಿ.”

ಇಬ್ಬರೂ ನಗಲಿಲ್ಲ. ನಗುವ ಹಾಗೆ ಇರಲಿಲ್ಲ.

“ಧಾರವಾಡಕ್ಕ ಯಾಕ ಬ್ಯಾಡ?” ಎಂದು ಅವನು ಕೇಳಿದ. ಅವನು ಕೇಳಿದ್ದು ಅದೇ ಮೊದಲು.

“ನಿಮ್ಮ ಮನ್ಯಾಗ ನಾ ಹಿರೀ ಸೊಸಿ. ಎಲ್ಲಾರ ಉಂಡ ಮ್ಯಾಲೆ ಉಳದದ್ದ ಉಣ್ಣಾಕಿ. ಇಲ್ಲಿ ಲಾಂಡ್ರಿಯೊಳಗ ನನಗೊಂದು ಕುರ್ಚಿ ಇತ್ರಿ. ಈವಾ ಬಂದ್ಲಂದ್ರ ಯಾರರ ಚಹಾ ತಂದ ಕೊಡತಿದ್ರು. ಹಂಗ ಇದ್ದಾಕಿ ಮತ್ತ ಹೋಗಿ ಒಲಿ ಮುಂದ ಕೂಡಂದ್ರ ಹೆಂಗ್ರಿ?” ಬಟ್ಟೆಗೆ ಗಂಟು ಹಾಕಿ ಕೇಳಿದಳು: “ನಿಮಗ್ಯಾಕ ಬೇಕು?”

“ಬಸ್ಸು ಬಿಟ್ಟ ಮ್ಯಾಲೆ ನನ್ನನ್ನ ಮಾತಾಡಸವ್ರ ಯಾರದಾರ ಇಲ್ಲಿ? ಅಲ್ಲಿ ಕಟ್ಟಿ ಮ್ಯಾಲೆ ಕುಂತ್ರ ಹಾದು ಹೋಗವ್ರೆಲ್ಲಾ ‘ಆರಾಮದೀಯೇನೋ ಚನಬಸೂ’ ಅಂತಾರ. ಇಲ್ಲಿ ನನ್ನ ಹೆಸರ ನನಗ ಮರತಂಗಾಗೇತಿ.”

“ಇದನ್ನ ಮೊದಲ ಯಾಕ ಹೇಳಲಿಲ್ಲ?”

“ನೀ ಹೇಳಿದ್ದೇನು?”

ಮಣಿಕಟ್ಟು ಬಾತುಕೊಂಡಿದ್ದರಿಂದ ಉಳಿದ ದಾರಿಗೆ ಈರವ್ವನೇ ಚುಕ್ಕಾಣಿ ಹಿಡಿಯಬೇಕಾಯಿತು. ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ಹೋಗುವುದು ಅವಳಿಗೆ ಒಗ್ಗಲೇ ಇಲ್ಲ. ನನ್ನನ್ನು ಒಮ್ಮೆ ಮುಳ್ಳಿನ ಪೊದೆಗೆ, ಒಮ್ಮೆ ಸೇತುವೆಗೆ, ಒಮ್ಮೆ ನಿಂತಿದ್ದ ಬೇರೆ ದೋಣಿಗೆ ಗುದ್ದಿಸಿದಳು. ಅವನು ದಂಡೆಯ ಮೇಲೆ ನಡೆಯುತ್ತ ಒದರುತ್ತಿದ್ದ. ಅವಳು ಅಲ್ಲಿಂದಲೇ ತಿರುಗಿ ಒದರುತ್ತಿದ್ದಳು. ಆಕ್ಸ್‌ಫರ್ಡ್ ಮುಟ್ಟುವವರೆಗೂ ಅವರು ಬಾಯಿ ಮುಚ್ಚಲಿಲ್ಲ. ಹಳೆಯ ಮದುವೆಗಳು, ಸತ್ತವರು, ಎಂದೋ ಉಪ್ಪು ಹೆಚ್ಚಾದ ಸಾರು, ಯಾವುದನ್ನೂ ಬಿಡಲಿಲ್ಲ.

ಊರು ಕಾಣುವಷ್ಟರಲ್ಲಿ ಈರವ್ವ ಎಂಜಿನ್ ಸಣ್ಣದು ಮಾಡಿ ಹೇಳಿದಳು: “ಇದನ್ನ ಮಾರೂದು ಬ್ಯಾಡ ಅನಸ್ತೈತಿ ನನಗ. ನಿಮಗೇನ ಅನಸ್ತೈತಿ?”

“ಅಂವಗ ಮಾತ ಕೊಟ್ಟೇನಲ್ಲ.”

“ಹೋಗಿ ತಪ್ಪಾತಂತ ಹೇಳ್ರಿ. ಬೇಕಂದ್ರ ನಾನೂ ಬರತೀನಿ.”

ಇಬ್ಬರೂ ಹೋಗಿ ಹೇಳಿದರು. ಗಿರಾಕಿ ಗೊಣಗಿದ. ನಾನು ಉಳಿದೆ.

ಆದರೆ ಚನಬಸಪ್ಪ ಧಾರವಾಡಕ್ಕೆ ಹೋದ. ಈರವ್ವ ಹೋಗಲಿಲ್ಲ. ಮೊದಲ ವರ್ಷಗಳಲ್ಲಿ ಚಳಿಗಾಲಕ್ಕೆ ಮಾತ್ರ ಹೋಗಿ, ಬೇಸಿಗೆಗೆ ನನ್ನ ಬಳಿ ಬರುತ್ತಿದ್ದ. ಮಂಡಿ ಸೋತ ಮೇಲೆ ಅಲ್ಲೇ ಉಳಿದ. ಬೇಸರವಾದಾಗ ಅವಳು ಹೋಗಿ ಬರುತ್ತಿದ್ದಳು, ಅತಿಥಿಯ ಹಾಗೆ. ಹೋದರೆ ಅವನೇ ಚಹಾ ಮಾಡಿ ಕೊಡುತ್ತಾನೆಂದು ಲಾಂಡ್ರಿಯ ಗೆಳತಿ ಬ್ರೆಂಡಾಗೆ ಹೇಳುತ್ತಿದ್ದುದನ್ನು ಕೇಳಿದ್ದೇನೆ. ಶರತ್ಕಾಲದ ಪಯಣಕ್ಕೆ ಈಗ ಬ್ರೆಂಡಾ ಜೊತೆಯಾಗುತ್ತಿದ್ದಳು. ಬ್ರೆಂಡಾ ದಂಡೆಯಲ್ಲಿ, ಈರವ್ವ ಚುಕ್ಕಾಣಿಯಲ್ಲಿ. ಫೋನು ನನ್ನ ಮಾಡಿನ ಮೇಲೆ. ಅದರೊಳಗಿಂದ ಚನಬಸಪ್ಪ ಕೇಳುತ್ತಿದ್ದ: “ಯಾವ ಲಾಕ್ ಬಂತು?” ಹೇಳಿದರೆ, “ಮುಂದ ತಗೋ, ಇನ್ನಷ್ಟು ಮುಂದ ತಗೋ,” ಎನ್ನುತ್ತಿದ್ದ. “ಕಣ್ಣಿಗೆ ಕಾಣತೈತೇನ್ರಿ ನಿಮಗ ಅಲ್ಲಿಂದ?” ಎಂದು ಇವಳು ಸಿಡುಕುತ್ತಿದ್ದಳು. ಸಿಡುಕಿ, ಮುಂದೆ ತೆಗೆದುಕೊಳ್ಳುತ್ತಿದ್ದಳು.

ಒಂದು ಚಳಿಗಾಲದಲ್ಲಿ ಅವನು ಹಾಸಿಗೆ ಹಿಡಿದ. ಈರವ್ವ ಹೋದಳು. ಅವನ ಮಣ್ಣು ಮುಗಿಸಿ ವಾಪಸು ಬಂದಾಗ ಒಬ್ಬಳೇ ನನ್ನೊಳಗೆ ಬಂದು, ಒಲೆ ಹೊತ್ತಿಸದೆ, ಕೋಟು ತೆಗೆಯದೆ ಸುಮ್ಮನೆ ಕೂತು ಹೋದಳು. ಅತ್ತಳೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಕಿಟಕಿಗಳಿಗೆ ಹಬೆ ಕಟ್ಟಿತ್ತು.

ಆ ವರ್ಷದ ಶರತ್ಕಾಲದಲ್ಲಿ ಮತ್ತೆ ಆ ಲಾಕ್‌ಗಳ ಸಾಲಿಗೆ ಹೋದೆವು. ಮಾಡಿನ ಮೇಲೆ ಫೋನಿರಲಿಲ್ಲ. ಬ್ರೆಂಡಾ ಮೇಲಿನ ಬಾಗಿಲು ಮುಚ್ಚಿ, ಕೆಳಗಿನ ತೂಬಿನ ಬಳಿ ಹೋಗಿ ನಿಂತಳು. ಈರವ್ವ ಗೆರೆಯ ಕಡೆ ನೋಡಿದಳು. ನಾನು ಗೆರೆಯ ಮುಂದೆಯೇ ಇದ್ದೆ. ಆದರೂ ಅವಳು ಎಂಜಿನ್ನಿಗೆ ತುಸು ಕಸುವು ಕೊಟ್ಟು, ತೊಟ್ಟಿಯ ಗೋಡೆಗಳು ಮಾರ್ದನಿಸುವಂತೆ ಕೂಗಿದಳು:

“ಮುಂದ ತಗೊಂಡೇನ್ರೀ!”

ಕನ್ನಡದ ಒಂದಕ್ಷರವೂ ಬಾರದ ಬ್ರೆಂಡಾ ಅತ್ತ ಕಡೆಯಿಂದ ಕೈಯೆತ್ತಿ, “ಆಗಲಮ್ಮಾ!” ಎನ್ನುವಂತೆ ಕೂಗಿ ತೂಬು ತೆರೆದಳು. ನಾವು ನೇರವಾಗಿ ಕೆಳಗಿಳಿದೆವು.

ರಟ್ಟೆಯ ಕಸುವು ಮುಗಿದಾಗ ಈರವ್ವ ನನ್ನನ್ನು ಎಳೆಯ ಜೋಡಿಯೊಂದಕ್ಕೆ ಕೊಟ್ಟಳು. ಅವಳು ಈಗ ಸ್ಕಾಟ್‌ಲೆಂಡಿನಲ್ಲಿ ಮಗಳ ಬೀದಿಯಲ್ಲೇ ಬೇರೆ ಮನೆ ಮಾಡಿಕೊಂಡಿದ್ದಾಳಂತೆ. ನಾನು ಈಗ ಪಯಣ ಮಾಡುವುದಿಲ್ಲ. ಮೈ ತಗಡು ಸವೆದು ತೆಳ್ಳಗಾಗಿದೆ. ಕಾಲುವೆಯ ಒಂದು ಕವಲಿನಲ್ಲಿ, ವಿಲೋ ಮರಗಳ ಬುಡದಲ್ಲಿ ನನ್ನನ್ನು ಗೂಟಕ್ಕೆ ಕಟ್ಟಿದ್ದಾರೆ. ಮಾಡಿನ ಮೇಲೆ ಕೊತ್ತಂಬರಿಯ ಕುಂಡಗಳಿವೆ. ಹಳದಿ ಎಲೆಗಳು ಬಂದು ಮೈಗೆ ಅಂಟುತ್ತವೆ. ಅವನ್ನು ಉಗುಳುವ ಕೆಲಸವೂ ನನಗೀಗ ಇಲ್ಲ.

ಎಳೆಯರಿಬ್ಬರೂ ಆಗಾಗ ಜಗಳವಾಡುತ್ತಾರೆ. ಪಾತ್ರೆ ಕುಕ್ಕುತ್ತಾರೆ, ಬಾಗಿಲು ಬಡಿಯುತ್ತಾರೆ, ನನ್ನ ಮೈಯೆಲ್ಲ ಅದುರುತ್ತದೆ. ಪಕ್ಕದ ದೋಣಿಯವರು ತಲೆ ಹೊರಹಾಕಿ ನೋಡುತ್ತಾರೆ. ನನಗೇನೂ ಭಯವಿಲ್ಲ, ಅದುರುತ್ತ ತೂಕಡಿಸುತ್ತೇನೆ. ಯಾವುದೋ ಒಂದು ಸಂಜೆ ಒಳಗಿಂದ ಏನೂ ಸದ್ದು ಬಾರದಿದ್ದರೆ ಮಾತ್ರ ನಿದ್ದೆ ಹಾರಿಹೋಗುತ್ತದೆ. ಹಳೆಯ ರಿವೆಟ್‌ಗಳನ್ನೆಲ್ಲ ಬಿಗಿಹಿಡಿದು, ಇಬ್ಬರಲ್ಲಿ ಯಾರಾದರೊಬ್ಬರು ಬಾಯಿ ತೆರೆಯುವವರೆಗೂ ಕಾಯುತ್ತೇನೆ.