ಹಿರೇಕಣದ ಆವಿಮನೆ

ಅಡಿಕೆ ಸುಲಿಯುವ ಕಾಲ ಬಂತೆಂದರೆ ಹಿರೇಕಣದ ರಸ್ತೆ ಕಾಣಿಸುತ್ತಿರಲಿಲ್ಲ. ಸುಲಿದ ಹಸಿ ಸಿಪ್ಪೆಯನ್ನು ಟ್ರ್ಯಾಕ್ಟರಿನಲ್ಲಿ ತಂದು ರಸ್ತೆಯ ಎರಡೂ ಬದಿಗೆ ಸುರಿಯುವುದು, ಒಣಗಿದ ಮೇಲೆ ಬೆಂಕಿ ಇಡುವುದು, ಆ ಬೆಂಕಿ ವಾರಗಟ್ಟಲೆ ಒಳಗೊಳಗೇ ಹೊಗೆಯಾಡುವುದು. ಚನ್ನಗಿರಿಯಿಂದ ಬರುವ ಬಸ್ಸು ಹಗಲಿನಲ್ಲೇ ಲೈಟು ಹಾಕಿಕೊಂಡು, ಊಟದ ಪಂಕ್ತಿ ಮುಗಿದ ಮೇಲೆ ಬಂದ ನೆಂಟನ ಹಾಗೆ ಸಂಕೋಚದಿಂದ ಊರೊಳಗೆ ಬರುತ್ತಿತ್ತು. ಶಾಲೆಯಲ್ಲಿ ಮೇಷ್ಟ್ರು ಕಿಟಕಿ ಮುಚ್ಚಿ ಪಾಠ ಮಾಡುತ್ತಿದ್ದರು. ಮಕ್ಕಳ ಮಗ್ಗಿಯಲ್ಲಿ ಲೆಕ್ಕಕ್ಕಿಂತ ಕೆಮ್ಮು ಹೆಚ್ಚು.

ಅದು ರಸ್ತೆಯ ಹೊಗೆ. ಊರೊಳಗಿನ ಹೊಗೆ ಬೇರೆ. ಸುಲಿದ ಅಡಿಕೆಯನ್ನು ಹಿತ್ತಲಲ್ಲಿ ತಾಮ್ರದ ಹಂಡೆಗೆ ಹಾಕಿ ಬೇಯಿಸಬೇಕು. ಹಂಡೆಯ ಕೆಳಗೆ ಅರ್ಧ ಒಣಗಿದ ಸೌದೆ, ಹಂಡೆಯ ಮುಂದೆ ಸೆರಗಿನಿಂದ ಕಣ್ಣೊರೆಸಿಕೊಳ್ಳುವ ಒಬ್ಬ ಹೆಂಗಸು. ಪ್ರತಿ ಮನೆಯಲ್ಲೂ ಇದೇ ಚಿತ್ರ.

ರೂಪಶ್ರೀ ಗ್ರಾಮ ಪಂಚಾಯಿತಿಗೆ ಅಧ್ಯಕ್ಷೆಯಾದ ಮೇಲೆ ನಡೆಸಿದ ಮೊದಲ ಗ್ರಾಮಸಭೆಯಲ್ಲೇ ಈ ಎರಡು ಹೊಗೆಗಳ ಹೆಸರು ಹಿಡಿದು ಮಾತಾಡಿದಳು. ಪಂಚಾಯಿತಿ ಕಟ್ಟಡದ ಮೇಲೆ, ಶಾಲೆಯ ಮೇಲೆ ಸೋಲಾರ್ ಹಲಗೆಗಳು ಆಗಲೇ ಕೂತಿದ್ದವು. ಕುಡಿಯುವ ನೀರಿನ ಮೋಟರು, ಬೀದಿದೀಪ ಎಲ್ಲಾ ಬಿಸಿಲಿನಲ್ಲೇ ನಡೆಯುತ್ತಿದ್ದವು. "ಇನ್ನು ಉಳಿದಿರೋದು ಅಡಿಕೆ ಒಲೆ," ಎಂದಳು ರೂಪಶ್ರೀ. "ನನ್ನ ಅವಧಿ ಮುಗಿಯೋದ್ರೊಳಗೆ ಹಿರೇಕಣದಾಗೆ ಸೌದೆ ಉರಿಯಂಗಿಲ್ಲ, ರಸ್ತೆ ಬದಿ ಸಿಪ್ಪೆ ಸುಡಂಗಿಲ್ಲ. ಇದು ಪಂಚಾಯಿತಿ ಗುರಿ." ಜನ ಚಪ್ಪಾಳೆ ತಟ್ಟಿದರು. ಸಭೆಯಲ್ಲಿ ಚಪ್ಪಾಳೆ ತಟ್ಟುವುದು ಸುಲಭ. ಅದಕ್ಕೆ ಸೌದೆ ಬೇಕಾಗುವುದಿಲ್ಲ.

ಆವಿಯಲ್ಲಿ ಅಡಿಕೆ ಬೇಯಿಸುವ ಯೋಜನೆಗೆ ಜಿಲ್ಲಾ ಪಂಚಾಯಿತಿ ಒಪ್ಪಿತು. ಮಳೆಗಾಲ ಮುಗಿಯುವ ಹೊತ್ತಿಗೆ ಹೊನ್ನಾಳಿಯ ಸೇತುವೆ ದಾಟಿ ಒಂದು ದೊಡ್ಡ ಲಾರಿ ಬಂತು. ಅದರ ಮೇಲೆ, ಕುಂಭಕರ್ಣನನ್ನು ಮಲಗಿಸಿ ಹಗ್ಗ ಬಿಗಿದ ಹಾಗೆ, ಒಂದು ಬಾಯ್ಲರು. ಹಾಳುಬಿದ್ದಿದ್ದ ಗೋದಾಮನ್ನು ತೊಳೆದು ಸುಣ್ಣ ಬಳಿದು ಅದರೊಳಗೆ ಕೂರಿಸಿದರು; ಅದೇ ಆವಿಮನೆ ಎನಿಸಿತು. ರಸ್ತೆಬದಿಯ ಸಿಪ್ಪೆಯನ್ನು ಒಣಗಿಸಿ, ಯಂತ್ರದಲ್ಲಿ ಒತ್ತಿ ಇಟ್ಟಿಗೆ ಮಾಡಿ ಅದರ ಹೊಟ್ಟೆಗೆ ಹಾಕಿದರೆ, ಗಾಳಿ ಊದುವ ಫ್ಯಾನು ಅದನ್ನು ಹೊಗೆ ಬಾರದ ಹಾಗೆ ನುಣ್ಣಗೆ ಉರಿಸುತ್ತಿತ್ತು. ಒತ್ತುವ ಯಂತ್ರಕ್ಕೂ ಫ್ಯಾನಿಗೂ ಛಾವಣಿಯ ಬಿಸಿಲೇ ಕರೆಂಟು. ಹುಟ್ಟಿದ ಆವಿ ಒಂದು ದೊಡ್ಡ ಸ್ಟೀಲಿನ ತೊಟ್ಟಿಗೆ ಹೋಗುತ್ತಿತ್ತು. ಇಡೀ ಬೀದಿಯ ಅಡಿಕೆಯನ್ನು ಒಟ್ಟಿಗೆ ಬೇಯಿಸುವಷ್ಟು ದೊಡ್ಡ ತೊಟ್ಟಿ.

ಇದನ್ನು ನಿಲ್ಲಿಸಿದವನು ಪ್ರವೀಣ್ ಕುಮಾರ್. ಜಗಳೂರಿನ ಬಯಲಲ್ಲಿ ಗಾಳಿಯಂತ್ರ ನಿಲ್ಲಿಸುವ ಕೆಲಸ ಮಾಡಿ ಬಂದಿದ್ದ ಇಂಜಿನಿಯರು. ಆಕಾಶಕ್ಕೆ ರೆಕ್ಕೆ ಕಟ್ಟಿದವನಿಗೆ ನೆಲದ ಮೇಲಿನ ತೊಟ್ಟಿ ಯಾವ ಲೆಕ್ಕ! ಖುಷಿಯಿಂದ ಬೀಗಿ, "ನಾಳೆಯಿಂದ ಅಡಿಕೆ ತರ್ರಿ," ಎಂದ.

ಯಾರೂ ತರಲಿಲ್ಲ.

ಮರುದಿನವೂ ತರಲಿಲ್ಲ. ವಾರ ಕಳೆಯಿತು. ಹಿತ್ತಲುಗಳಲ್ಲಿ ಹೊಗೆ ಎಂದಿನಂತೆ ಎದ್ದಿತು. ಪಂಚಾಯಿತಿ ಸದಸ್ಯರಲ್ಲೇ ಹಿರಿಯರಾದ ಜಯದೇವಪ್ಪ ದಿನಾ ಬೆಳಿಗ್ಗೆ ಆವಿಮನೆಯ ಬಾಗಿಲಿಗೆ ಬಂದು ಇಣುಕಿ ನೋಡಿ ಹೋಗುತ್ತಿದ್ದರು.

"ಏನ್ ಅಧ್ಯಕ್ಷರೇ, ತೊಟ್ಟಿ ಚೆನ್ನಾಗೈತೆ. ಎಮ್ಮೆ ಮೈ ತೊಳ್ಯಾಕೆ ಕೊಡ್ತೀರಾ?"

"ತಗೊಂಬರ್ರಿ ಎಮ್ಮೇನ. ಆವಿ ಬಿಟ್ಟು ತೊಳಿತೀನಿ," ಎನ್ನುತ್ತಿದ್ದಳು ರೂಪಶ್ರೀ. ನಗುತ್ತಲೇ ಹೇಳುತ್ತಿದ್ದಳು, ಆದರೆ ಮನಸ್ಸಿನಲ್ಲಿ ದಿನ ಎಣಿಸುತ್ತಿದ್ದಳು. ಯಾಕೆಂದರೆ ಪ್ರವೀಣ್ ಕುಮಾರ್ ಫೋನಿನಲ್ಲಿ ಮೆಲ್ಲಗೆ ತಿಳಿಸಿದ್ದ: "ಮೇಡಂ, ಸವಳಂಗದ ಕಡೆ ಒಂದು ಪಂಚಾಯಿತಿಯವ್ರು ಬಾಯ್ಲರ್ ನಮಗೆ ಕೊಡ್ರಿ ಅಂತ ಕೇಳ್ತಿದಾರೆ. ಮುಂದಿನ ಸೋಮವಾರ ಜಿಲ್ಲಾ ಪಂಚಾಯಿತಿ ಸಾಹೇಬ್ರು ನೋಡಾಕೆ ಬರ್ತಾರೆ. ಬಾಯ್ಲರ್ ತಣ್ಣಗಿದ್ರೆ ಎತ್ಕೊಂಡು ಹೋಗೋದೇ."

ಅಡಿಕೆ ಯಾಕೆ ಬರಲಿಲ್ಲ ಎಂಬುದು ಊರಿಗೆಲ್ಲ ಗೊತ್ತಿತ್ತು. ಕಾರಣ ಚೊಗರು. ಅಡಿಕೆ ಬೆಂದ ನೀರು ಕುದಿದು ಕುದಿದು ಗಟ್ಟಿಯಾಗಿ ಉಳಿಯುವ ಕಡುಗೆಂಪು ರಸ ಅದು. ಅದನ್ನು ಚೆಲ್ಲುವುದಿಲ್ಲ. ಇವತ್ತಿನ ಚೊಗರು ನಾಳೆಯ ಹಂಡೆಗೆ, ಈ ವರ್ಷದ ಚೊಗರು ಮುಂದಿನ ವರ್ಷದ ಮೊದಲ ಹಂಡೆಗೆ. ಅಡಿಕೆಗೆ ಬಣ್ಣ ಬರುವುದು ಅದರಿಂದ, ಹೊಳಪು ಬರುವುದು ಅದರಿಂದ. ಒಂದೊಂದು ಮನೆಯ ಚೊಗರಿಗೆ ಒಂದೊಂದು ಬಣ್ಣ. ಅತ್ತೆ ಸೊಸೆಗೆ ಒಪ್ಪಿಸುವ ಕೊನೆಯ ಆಸ್ತಿ ಅದೇ, ಒಡವೆಗಿಂತ ತಡವಾಗಿ. ಇಂಥ ಚೊಗರನ್ನೆಲ್ಲ ಒಂದೇ ತೊಟ್ಟಿಗೆ ಸುರಿಯಿರಿ ಎಂದರೆ ಯಾರು ಸುರಿದಾರು?

ಇನ್ನೂ ಕಷ್ಟದ ಮಾತೆಂದರೆ, ಊರಿನಲ್ಲೇ ಹೆಸರಾದ ಚೊಗರು ಇದ್ದದ್ದು ಅಧ್ಯಕ್ಷೆಯ ಮನೆಯಲ್ಲಿ. ರೂಪಶ್ರೀಯ ಅತ್ತೆ ಕಲ್ಲಮ್ಮನ ಹಂಡೆಯ ಅಡಿಕೆಗೆ ಸಂಜೆಯ ಕೆಂಪು. ಆ ಕಲ್ಲಮ್ಮನೇ ಹಿತ್ತಲಲ್ಲಿ ಸೌದೆ ಒಟ್ಟಿಕೊಂಡು ಕೂತಿದ್ದಳು. ಕಣ್ಣು ಹೊಗೆಗೆ ಹಣ್ಣಾಗಿದ್ದವು. ಡಾಕ್ಟರು ಒಲೆ ಮುಂದೆ ಕೂರಬೇಡಿ ಅಂದಿದ್ದರು. ಮಗ ನಿಂಗರಾಜ್ ಹೇಳಿ ಸೋತಿದ್ದ.

"ಅತ್ತೇ, ನೀವು ಒಬ್ರು ಬಂದ್ರೆ ಊರೇ ಬರ್ತದೆ," ಎಂದು ಆ ಸಂಜೆ ರೂಪಶ್ರೀ ಮತ್ತೆ ಕೇಳಿದಳು.

"ಬರ್ಲಿ ಬಿಡು. ಊರೆಲ್ಲ ಬಂದು ನಮ್ಮನೆ ಚೊಗರ್ನಾಗೆ ಅದ್ಕೊಂಡು ಹೋಗ್ಲಿ," ಎಂದಳು ಕಲ್ಲಮ್ಮ. "ನಮ್ಮತ್ತೆ ಕೈಯಾಗಿಂದ ಬಂದಿದ್ದು ಕಣೇ ಅದು. ನಿಂಗೆ ಕೊಡಾನ ಅಂತ ಇಟ್ಕೊಂಡಿದ್ದೆ. ನೀನು ನೋಡಿದ್ರೆ ಊರಿಗೇ ಪಂಕ್ತಿ ಹಾಕ್ತೀನಿ ಅಂತೀಯ."

ಅಷ್ಟರಲ್ಲಿ ಪಕ್ಕದ ಮನೆಯ ಶಿವಲೀಲಾ ಹಾಲಿನ ಪಾತ್ರೆ ಹಿಡಿದು ಬಂದಳು. ಗ್ಯಾಸು ಖಾಲಿಯಾಗಿತ್ತಂತೆ.

"ಕಲ್ಲತ್ತೆ, ಹಾಲು ಕಾಸ್ಕೊಂಡು ಹೋಗ್ತೀನಿ. ಹಂಗೇ ಒಂಚೂರು ಹೆಪ್ಪು ಇದ್ರೆ ಕೊಡ್ರಿ."

"ಒಲೆ ಐತೆ, ಇಟ್ಕೋ. ಹೆಪ್ಪು ಕೇಳಬ್ಯಾಡ. ದೀಪ ಹಚ್ಚಿದ ಮೇಲೆ ಯಾರಾದ್ರೂ ಹೆಪ್ಪು ಕೊಡ್ತಾರಾ?"

"ಗೊತ್ತಿತ್ತು ಬಿಡ್ರಿ. ಕೇಳಿ ನೋಡಿದೆ," ಎಂದು ನಗುತ್ತ ಶಿವಲೀಲಾ ಇವರ ಒಲೆಯ ಮೇಲೆ ತನ್ನ ಪಾತ್ರೆ ಇಟ್ಟಳು. ಹಾಲು ಉಕ್ಕಿತು, ಇಳಿಸಿಕೊಂಡಳು, ಸೆರಗು ಸುತ್ತಿ ಹಿಡಿದು ಹೋದಳು. ರೂಪಶ್ರೀ ಅವಳು ಹೋದ ಬಾಗಿಲನ್ನೇ ನೋಡುತ್ತ ನಿಂತಳು.

"ಏನೇ, ದೆವ್ವ ಕಂಡಂಗೆ ನಿಂತ್ಕೊಂಡಿ?" ಎಂದಳು ಕಲ್ಲಮ್ಮ.

"ಒಲೆ ನಮ್ದು, ಪಾತ್ರೆ ಅವಳ್ದು," ಎಂದಳು ರೂಪಶ್ರೀ. "ಅತ್ತೇ, ನಾವು ತೊಟ್ಟಿ ತಂದಿದ್ದೇ ತಪ್ಪು!"

ಬೆಳಿಗ್ಗೆ ಪಂಚಾಯಿತಿಯ ತುರ್ತು ಸಭೆ ಕರೆದು ತನ್ನ ಯೋಚನೆ ಮುಂದಿಟ್ಟಳು. ತೊಟ್ಟಿ ತೆಗೆಯುವುದು, ಆವಿಯ ಕೊಳವೆಗೆ ಸಾಲಾಗಿ ನಲ್ಲಿ ಇಡುವುದು. ಅವರವರ ಮನೆಯ ಹಂಡೆ, ಅವರವರ ಚೊಗರು. ನಲ್ಲಿಯಿಂದ ಒಂದು ತಾಮ್ರದ ಸುರುಳಿ ಹಂಡೆಯೊಳಗೆ ಇಳಿಯುತ್ತದೆ. ಆವಿ ಸುರುಳಿಯೊಳಗೇ ಸುತ್ತಿ ಹೊರಗೆ ಹೋಗುತ್ತದೆ, ಚೊಗರನ್ನು ಮುಟ್ಟುವುದಿಲ್ಲ. ಪ್ರವೀಣ್ ಕುಮಾರ್ ಮೊದಲು ತಲೆ ಮೇಲೆ ಕೈ ಹೊತ್ತುಕೊಂಡ. ಆಮೇಲೆ ಪೆನ್ನು ತೆಗೆದು ಟೀ ಲೋಟದ ಪಕ್ಕದಲ್ಲಿ ಚಿತ್ರ ಬರೆಯತೊಡಗಿದ. ಬರೆಯುತ್ತ ಬರೆಯುತ್ತ ಅವನ ಮುಖ ಅರಳಿತು.

"ಆಗ್ತದೆ ಮೇಡಂ. ತೊಟ್ಟಿಗಿಂತ ಇದೇ ವಾಸಿ. ಆವಿ ಕಡಿಮೆ ಹಾಳಾಗ್ತದೆ."

"ನಿಮ್ ಬಾಯ್ಲರಿಗೆ ಒಂದೇ ಸಲಕ್ಕೆ ಎಷ್ಟು ಹಂಡೆ ಎಳ್ಯೋ ತಾಕತ್ತೈತೆ?" ಎಂದರು ಜಯದೇವಪ್ಪ.

"ಆರು. ಏಳನೇದು ಹಾಕಿದ್ರೆ ಎಲ್ಲಾವೂ ಬೆಚ್ಚಗಾಗ್ತವೆ, ಒಂದೂ ಬೇಯಲ್ಲ."

"ಊರಾಗೆ ಮನೆ ಎಷ್ಟು?"

"ಸರದಿ ಇಡಾನ," ಎಂದಳು ರೂಪಶ್ರೀ.

"ನಮ್ಮೂರಾಗೆ ಸರದಿ!" ಎಂದು ಜಯದೇವಪ್ಪ ನಕ್ಕರು. ಆದರೂ ಕೈ ಎತ್ತಿದರು. ಠರಾವು ಪಾಸಾಯಿತು.

ಮನೆಗೆ ಬಂದು ಉಸಿರು ಬಿಡದೆ ಹೇಳಿದಾಗ ಕಲ್ಲಮ್ಮ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಮಾತು ಕೇಳಿದಳು: "ಶಿವಲೀಲಾ ಹಂಡೆಯಾಗೆ ಮುಳುಗಿದ ಸುರುಳಿ ಆಮೇಲೆ ನಮ್ಮನೆ ಹಂಡೆಗೂ ಇಳಿತದಾ?"

ರೂಪಶ್ರೀಗೆ ಅಳು ಬರುವುದೊಂದು ಬಾಕಿ. ಆದರೆ ಅತ್ತೆ ಕೇಳಿದ್ದು ಸರಿಯಾಗಿಯೇ ಇತ್ತು. ಅವಳು ಕೇಳದಿದ್ದರೆ ಸೋಮವಾರ ಊರಿನ ಪ್ರತಿ ಹೆಂಗಸೂ ಅದನ್ನೇ ಕೇಳಿ, ಹಂಡೆ ಎತ್ತಿಕೊಂಡು ವಾಪಸ್ ಹೋಗುತ್ತಿದ್ದಳು. ಹಾಗಾಗಿ ಇನ್ನೊಂದು ತಿದ್ದುಪಡಿ: ನಲ್ಲಿಯವರೆಗೆ ಪಂಚಾಯಿತಿಯದು, ನಲ್ಲಿಯಿಂದಾಚೆ ಮನೆಯದು. ಪ್ರತಿ ಮನೆಗೂ ತನ್ನದೇ ಸುರುಳಿ. ಬಂದಾಗ ಸಿಕ್ಕಿಸುವುದು, ಬೆಂದ ಮೇಲೆ ಬಿಚ್ಚಿ ತೊಳೆದು ಮನೆಗೆ ಒಯ್ಯುವುದು. ಬಸವಾಪಟ್ಟಣದಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದ ಸುದೀಪ್ ತನ್ನ ಅಂಗಡಿಯನ್ನೇ ಎತ್ತಿಕೊಂಡು ಬಂದವನ ಹಾಗೆ ಗೋದಾಮಿನ ಮುಂದೆ ಕೂತ. ತಾಮ್ರದ ಕೊಳವೆಗಳು ಅವನ ಕೈಯಲ್ಲಿ ಹಾವಿನ ಮರಿಗಳ ಹಾಗೆ ಸುತ್ತಿಕೊಳ್ಳುತ್ತಿದ್ದವು. ಹೆಂಗಸರು ಒಬ್ಬೊಬ್ಬರೇ ಬಂದು, ಬೇಡ ಬೇಡ ಎನ್ನುತ್ತಲೇ ತಮ್ಮ ಹಂಡೆಯ ಅಗಲ ಹೇಳಿ ಹೋದರು.

ಕಲ್ಲಮ್ಮ ಮಾತ್ರ ಬರಲಿಲ್ಲ. ನಿಂಗರಾಜ್ ಸುರುಳಿ ತಂದು ಹಿತ್ತಲ ಗೋಡೆಗೆ ನೇತುಹಾಕಿದ. ಅವಳು ಅದರ ಮೇಲೆ ಒದ್ದೆ ಬಟ್ಟೆ ಒಣಗಿಸಿದಳು.

ಸೋಮವಾರ ಬಂತು. ಜಿಲ್ಲಾ ಪಂಚಾಯಿತಿಯ ಸಾಹೇಬರ ಜೀಪು ಬಂತು. ಅದರ ಹಿಂದೆಯೇ ಒಂದು ಖಾಲಿ ಲಾರಿ. ಲಾರಿಯ ಕ್ಯಾಬಿನ್ನಿನಿಂದ ಸವಳಂಗದ ಕಡೆಯ ಪಂಚಾಯಿತಿ ಅಧ್ಯಕ್ಷ ಗುರುಬಸವರಾಜ್ ಇಳಿದರು. ಹಗ್ಗವನ್ನೂ ತಂದಿದ್ದರು.

"ತಪ್ಪು ತಿಳೀಬ್ಯಾಡ್ರಿ ತಂಗಿ," ಎಂದರು ರೂಪಶ್ರೀಗೆ. "ನಿಮಗೆ ಬ್ಯಾಡಾದ್ರೆ ಅಷ್ಟೆ."

ಆವಿಮನೆಯೊಳಗೆ ಬಾಯ್ಲರು ಗುರ್ ಎನ್ನುತ್ತಿತ್ತು. ನಲ್ಲಿಗಳು ಹೊಳೆಯುತ್ತಿದ್ದವು. ಹಂಡೆ ಒಂದೂ ಇರಲಿಲ್ಲ. ಹೆಂಗಸರು ಬೀದಿಯ ತುದಿಯಲ್ಲಿ ಗುಂಪಾಗಿ ನಿಂತು ಒಬ್ಬರನ್ನೊಬ್ಬರು ಮುಂದೆ ತಳ್ಳುತ್ತಿದ್ದರು. ಎಲ್ಲರ ಕಣ್ಣೂ ಅಧ್ಯಕ್ಷೆಯ ಮನೆಯ ಕಡೆಗೆ.

ಲಾರಿ ಬಂದ ಸುದ್ದಿ ಅಲ್ಲಿಗೂ ಮುಟ್ಟಿತ್ತೇನೋ, ಆಗ ಆ ಮನೆಯಿಂದ ಎತ್ತಿನ ಗಾಡಿಯೊಂದು ಹೊರಟಿತು. ಗಾಡಿಯ ಮೇಲೆ ಹುಣಸೆಹಣ್ಣು ಹಾಕಿ ಬೆಳಗಿದ ತಾಮ್ರದ ಹಂಡೆ, ಬೆಳಗಿನ ಬಿಸಿಲಿಗೆ ಇನ್ನೊಂದು ಸೂರ್ಯನ ಹಾಗೆ. ಹಂಡೆಯ ಪಕ್ಕದಲ್ಲಿ ಚೊಗರಿನ ಕೊಡವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಕಲ್ಲಮ್ಮ. ಕೊರಳಿಗೆ ಹಾರ ಹಾಕಿಕೊಂಡಂತೆ ತಾಮ್ರದ ಸುರುಳಿ.

"ಏನ್ ನೋಡ್ತಾ ನಿಂತೀರಿ?" ಎಂದು ಗಾಡಿಯಿಂದಲೇ ಕೂಗಿದಳು. "ಸರೀರಿ ಆ ಕಡೆ! ನಮ್ಮನೆದೇ ಮೊದ್ಲು."

ಅದೊಂದು ಮಾತು ಸಾಕಾಯಿತು. ಕಲ್ಲಮ್ಮ ಮೊದಲಾಗುವುದನ್ನು ನೋಡಿಕೊಂಡು ಸುಮ್ಮನಿರುವ ಹೆಂಗಸು ಹಿರೇಕಣದಲ್ಲಿ ಹುಟ್ಟಿರಲಿಲ್ಲ. ಬೀದಿ ಬೀದಿಯಿಂದ ಹಂಡೆಗಳು ಬಂದವು. ಟ್ರ್ಯಾಕ್ಟರಿನಲ್ಲಿ ಬಂದವು, ಬೈಕಿನ ಹಿಂದೆ ಕೂತು ಬಂದವು, ಬಿದಿರಿಗೆ ನೇತಾಡುತ್ತ ಬಂದವು. ಒಬ್ಬರ ಹಂಡೆ ಒಬ್ಬರಿಗೆ ತಾಗಿ ಊರೆಲ್ಲ ಗಂಟೆ ಬಾರಿಸಿದಂತೆ ಸದ್ದು. ಆರು ನಲ್ಲಿಗಳಿಗೆ ಆರು ಹಂಡೆ ಸಿಕ್ಕವು. ಉಳಿದವರು ಸುಮ್ಮನಿದ್ದರೇ? ಸಾಲಿನ ತುದಿಯಲ್ಲಿ ಸುರುಳಿ ತೊಳೆಯಲೆಂದು ಸುದೀಪ್ ಇಟ್ಟಿದ್ದ ನಲ್ಲಿಗೂ ಶಿವಲೀಲಾ ತನ್ನ ಸುರುಳಿ ಸಿಕ್ಕಿಸಿದಳು. ಇನ್ನೊಬ್ಬಳು, ನಾಗರತ್ನ, ಅವಳ ಸುರುಳಿಯ ತುದಿಗೇ ತನ್ನದನ್ನು ಜೋಡಿಸಿದಳು. ಬಾಯ್ಲರು ಏದುಸಿರು ಬಿಟ್ಟಿತು. ಒತ್ತಡ ತೋರಿಸುವ ಮುಳ್ಳು ಸರ್ರನೆ ಇಳಿಯಿತು. ಹಂಡೆಗಳಲ್ಲಿ ನೀರು ಬೆಚ್ಚಗಾಗಿ ಅಷ್ಟಕ್ಕೇ ನಿಂತಿತು.

ಸಾಹೇಬರು ಗಡಿಯಾರ ನೋಡಿದರು. ಗುರುಬಸವರಾಜ್ ಹಗ್ಗದ ಸಿಂಬೆ ಬಿಚ್ಚುವುದೋ ಬೇಡವೋ ಎಂದು ನಿಂತರು.

"ಬಂದ್ ಮಾಡ್ರಿ!" ಎಂದು ಪ್ರವೀಣ್ ಕುಮಾರ್ ಕೂಗಿದ. ಯಾರೂ ಕೇಳಲಿಲ್ಲ. ತನ್ನ ನಲ್ಲಿ ಮುಚ್ಚಿದರೆ ಪಕ್ಕದವಳು ಬೇಯಿಸಿಕೊಂಡಾಳು ಎಂಬ ಭಯ ಎಲ್ಲರಿಗೂ.

ರೂಪಶ್ರೀ ಅತ್ತೆಯ ಮುಖ ನೋಡಿದಳು. ಕಲ್ಲಮ್ಮ ಸೊಸೆಯನ್ನು ನೋಡಿದಳು, ಲಾರಿಯನ್ನು ನೋಡಿದಳು. ಆಮೇಲೆ ಕೈ ಚಾಚಿ, ಎಲ್ಲರಿಗೂ ಕಾಣುವ ಹಾಗೆ, ತನ್ನ ನಲ್ಲಿಯನ್ನು ತಾನೇ ತಿರುಗಿಸಿ ಮುಚ್ಚಿದಳು.

"ನಮ್ಮನೆದು ಕಡೆಗೆ," ಎಂದಳು. "ಶಿವಲೀಲಾ, ತೆಗಿ ನಿಂದು. ಏ ನಾಗರತ್ನ, ಅವಳ ಬಾಲಕ್ಕೆ ಯಾಕೆ ಗಂಟು ಬಿದ್ದೀಯ? ಬಿಚ್ಚು. ಕೆಳಗೇರಿಯವ್ರು ಇವತ್ತು, ಮೇಗಳಗೇರಿಯವ್ರು ನಾಳೆ. ಯಾರ ಹಂಡೆ ಚಿಕ್ಕದೋ ಅವ್ರು ಮೊದ್ಲು."

ಕಲ್ಲಮ್ಮನೇ ಕಡೆಗೆ ನಿಂತ ಮೇಲೆ ಮುಂದೆ ನುಗ್ಗುವುದರಲ್ಲಿ ಯಾವ ಹೆಚ್ಚುಗಾರಿಕೆ? ನಲ್ಲಿಗಳು ಒಂದೊಂದಾಗಿ ಮುಚ್ಚಿದವು, ಸರದಿ ಬಂದ ಆರು ಹಂಡೆಗಳಿಗೆ ಮಾತ್ರ ಮತ್ತೆ ತೆರೆದವು. ಮುಳ್ಳು ಮೆಲ್ಲಗೆ ಎದ್ದಿತು. ಮೊದಲ ಹಂಡೆ ಗೊಳಗೊಳ ಎಂದಿತು, ಆಮೇಲೆ ಎರಡನೆಯದು, ಆಮೇಲೆ ಆರೂ ಒಟ್ಟಿಗೆ. ಅಡಿಕೆಯ ಒಗರು ಪರಿಮಳ ಗೋದಾಮನ್ನು ತುಂಬಿತು. ಹೊಗೆ ಎಲ್ಲೂ ಇರಲಿಲ್ಲ. ಅಭ್ಯಾಸಕ್ಕೆ ಕೆಮ್ಮಲು ಬಾಯಿ ತೆರೆದ ಮುದುಕಿಯೊಬ್ಬಳು ಏನೂ ಬಾರದೆ ಹಾಗೇ ಮುಚ್ಚಿಕೊಂಡಳು.

ಸಂಜೆ ಕಲ್ಲಮ್ಮನ ಹಂಡೆಯ ಸರದಿ ಬಂದಾಗ ಇಡೀ ಊರು ಸುತ್ತ ನಿಂತಿತ್ತು. ಅವಳು ಜಾಲರಿ ಇಳಿಸಿ ಅಡಿಕೆ ಎತ್ತಿದಳು, ಒಂದನ್ನು ಬೆರಳ ನಡುವೆ ಹಿಡಿದು ಬೆಳಕಿಗೆ ತಿರುಗಿಸಿದಳು.

"ಐತೆ," ಎಂದಳು. "ಬಣ್ಣ ಐತೆ."

ಯಾರೋ ಶಿಳ್ಳೆ ಹೊಡೆದರು. ಜಯದೇವಪ್ಪ ಟವೆಲು ಬೀಸಿದರು. ಸಾಹೇಬರು ಲಾರಿಯ ಡ್ರೈವರನ ಕಡೆ ತಿರುಗಿ ಬೇಡವೆಂದು ಕೈ ಆಡಿಸಿದರು. ಗುರುಬಸವರಾಜ್ ಹಗ್ಗವನ್ನು ಲಾರಿಗೆ ಎಸೆದು, ಸುದೀಪನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, "ಈ ಸುರುಳಿ ಹೆಂಗೆ ಸುತ್ತುತೀಯಪ್ಪ? ನಮ್ಮೂರಿಗೂ ಬಾ," ಎಂದು ಕೇಳುತ್ತಿದ್ದರು.

ಆ ಸುಗ್ಗಿಯಲ್ಲಿ ರಸ್ತೆಬದಿಯ ಸಿಪ್ಪೆ ಸಾಲದೆ ಬಂತು. ಪಕ್ಕದೂರಿನಿಂದ ತರಿಸಬೇಕಾಯಿತು. ಬಸ್ಸು ಲೈಟು ಹಾಕದೆ ಬಂತು. ಮಗ್ಗಿ ಕೆಮ್ಮಿಲ್ಲದೆ ಕೊನೆಯವರೆಗೂ ಹೋಗಿ ಮುಟ್ಟಿತು.

ಮುಂದಿನ ಗ್ರಾಮಸಭೆಗೆ ಹೆಂಗಸರು ಎಂದೂ ಇಲ್ಲದಷ್ಟು ಬಂದಿದ್ದರು. ರೂಪಶ್ರೀ ವೇದಿಕೆಯ ಮೇಲೆ ನಿಂತು, ಸೌದೆ ಒಲೆ ಊರಿನಲ್ಲಿ ಬಹುತೇಕ ಆರಿದೆ, ಗುರಿ ಅವಧಿಗೆ ಮೊದಲೇ ಕೈಗೆಟುಕಿದೆ ಎಂದು ಓದಿದಳು. ಚಪ್ಪಾಳೆ ನಿಲ್ಲುವ ಮೊದಲೇ ಹೆಂಗಸರ ಸಾಲಿನಿಂದ ಒಂದು ಕೈ ಎದ್ದಿತು.

ಕಲ್ಲಮ್ಮ. ಇಷ್ಟು ವರ್ಷದಲ್ಲಿ ಆ ಸಭೆಯಲ್ಲಿ ಒಮ್ಮೆಯೂ ಬಾಯಿ ತೆರೆದವಳಲ್ಲ.

ರೂಪಶ್ರೀಯ ನಾಲಗೆ ತಡವರಿಸಿತು. ಅತ್ತೆಯ ಹೆಸರನ್ನು ಅವಳು ಇದುವರೆಗೆ ಬಾಯಿಬಿಟ್ಟು ಹೇಳಿದ್ದೇ ಇಲ್ಲ. ಆದರೆ ಸಭೆಯಲ್ಲಿ ಅತ್ತೆ ಎನ್ನುವಂತಿಲ್ಲ, ಹೆಸರು ಹಿಡಿದೇ ಕರೆಯಬೇಕು. ಸೆರಗು ಸರಿಮಾಡಿಕೊಂಡಳು.

"ಕಲ್ಲಮ್ಮನವರೇ, ಮಾತಾಡ್ರಿ."

ಸಭೆ ಗೊಳ್ಳೆಂದು ನಕ್ಕಿತು. ಕಲ್ಲಮ್ಮ ನಗಲಿಲ್ಲ. ಎದ್ದು ನಿಂತು, ತನ್ನನ್ನು ಹೆಸರು ಹಿಡಿದು ಕರೆದ ಸೊಸೆಯನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು.

"ಅಧ್ಯಕ್ಷರೇ, ಆರು ನಲ್ಲಿ ಸಾಲಂಗಿಲ್ಲ," ಎಂದಳು. "ಇನ್ನೊಂದು ಬಾಯ್ಲರ್ ತರ್ಸ್ರಿ. ಬರ್ಕೊಳ್ರಿ."